ಮೂರು ಗಂಟೆಗೆ ಮೊದಲು

ಕಾಸರಗೋಡು ಹೊಸ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಗೋಡೆ ಇದೆ. ಅದಕ್ಕೆ ಬೆನ್ನು ಕೊಟ್ಟು ಕೊಳಲು ಊದಿದರೆ ಶಬ್ದ ಚದುರುವುದಿಲ್ಲ, ಸೀದಾ ರಸ್ತೆ ಕಡೆಗೆ ಹೋಗುತ್ತದೆ. ಬೀದಿಯಲ್ಲಿ ನುಡಿಸಲು ಶುರು ಮಾಡಿ ಆಗ ಮೂರನೇ ವಾರ. ಇಂಥ ಜಾಗ ಸಿಕ್ಕಿತಲ್ಲ ಅಂತ ತುಂಬಾ ಖುಷಿಯಾಗಿತ್ತು. ಅಲ್ಲಿ ಆಗಲೇ ಒಬ್ಬರು ನಿಂತಿದ್ದರು. ಲಾಟರಿ ಮಾರುವವರು, ಕಣ್ಣು ಕಾಣದವರು. ಅವರೂ ಆ ಗೋಡೆಯನ್ನೇ ಯಾಕೆ ಹಿಡಿದಿದ್ದಾರೆ ಅಂತ ನಾನು ಒಂದು ಕ್ಷಣವೂ ಯೋಚಿಸಲಿಲ್ಲ.

ಅದಕ್ಕೆ ಮೊದಲಿನ ಎರಡು ಭಾನುವಾರ ಬೇಕಲದ ಬೀಚಿನಲ್ಲಿ ನುಡಿಸಿದ್ದೆ. ಜನ ಜಾಸ್ತಿ ಇರುತ್ತಾರೆ, ಆದರೆ ಕಡಲ ಗಾಳಿ ಮೈಕಿಗೆ ಬಡಿದು ಬರೀ ಭುಸ್ ಅನ್ನುವ ಶಬ್ದ. ಸ್ಪಂಜು ಹಾಕಿದರೂ ನಿಲ್ಲಲಿಲ್ಲ. ಹಾಗಾಗಿ ಪೇಟೆಗೆ ಬಂದೆ. ಹಾಡುವುದು ಬಿಟ್ಟು ಕೊಳಲು ಹಿಡಿದದ್ದಕ್ಕೂ ಕಾರಣ ಇದೆ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತರೆ ಮಲಯಾಳ, ತುಳು, ಕನ್ನಡ, ಬ್ಯಾರಿ, ಕೊಂಕಣಿ ಎಲ್ಲ ಕಿವಿಗೆ ಬೀಳುತ್ತವೆ. ಹಾಡುವುದಾದರೆ ಯಾವ ಭಾಷೆಯಲ್ಲಿ? ಕೊಳಲಿಗೆ ಆ ತೊಂದರೆ ಇಲ್ಲ.

ಅವತ್ತು ಎಲ್ಲ ಸರಿಯಾಗಿಯೇ ಮಾಡಿದ್ದೇನೆ ಅಂತ ನನ್ನ ನಂಬಿಕೆ. ಮೈಕ್ ಪರ್ಮಿಷನ್ ಕಾಗದ ಜೇಬಿನಲ್ಲಿತ್ತು. ಶಬ್ದದ ನಿಯಮ ಓದಿಕೊಂಡಿದ್ದೆ. ಅಂಗಡಿ ಬೀದಿಯಲ್ಲಿ ಹಗಲು 65 ಡೆಸಿಬೆಲ್. ಮೊಬೈಲಿನಲ್ಲಿ ಮೀಟರ್ ಆ್ಯಪ್ ಕೂಡ ಹಾಕಿಟ್ಟಿದ್ದೆ. ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಸ್ಪೀಕರ್ ಇಟ್ಟೆ. ಕೊಳಲಿನ ಕೇಸ್ ತೆರೆದು ಇಪ್ಪತ್ತರ ಎರಡು ನೋಟು ಹಾಕಿದೆ. ಕ್ಯೂಆರ್ ಕೋಡ್ ನಿಲ್ಲಿಸಿದೆ. ಬಿಸಿಲಿಗೆ ಕೊಳಲು ಕಾದು ಶ್ರುತಿ ಏರುತ್ತಿತ್ತು, ಆ್ಯಪಿನ ತಂಬೂರಿ ಮಾತ್ರ ಇದ್ದಲ್ಲೇ ಇತ್ತು. ನನ್ನ ಗಮನ ಪೂರ್ತಿ ಅದರ ಮೇಲೆಯೇ.

ಮೋಹನ ರಾಗದ ಆಲಾಪನೆ ಶುರು ಮಾಡಿದೆ. ಹತ್ತಿರದಿಂದಲೇ ಆ ಲಾಟರಿಯವರ ಕೂಗು: "ಇನ್ನತ್ತೆ ಟಿಕೆಟ್, ಇವತ್ತಿನ ಟಿಕೆಟ್!" ಮಲಯಾಳದಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ನಾನು ನಿಲ್ಲಿಸಿ ನಿಲ್ಲಿಸಿ ನುಡಿಸುವ ಕಡೆಯೆಲ್ಲ ಆ ಕೂಗು ಬಂದು ಕೂರುತ್ತಿತ್ತು. ಸಿಟ್ಟು ಬಂತು. ವಾಲ್ಯೂಮ್ ಏರಿಸಿದೆ. ಅವರು ಇನ್ನೂ ಜೋರಾಗಿ ಕೂಗಿದರು. ಮತ್ತೆ ಏರಿಸಿದೆ. ಆ ಸ್ಪೀಕರಿನ ನಾಬ್ ನಾಲ್ಕರವರೆಗೆ ಏನೂ ಮಾಡುವುದಿಲ್ಲ, ಐದಕ್ಕೆ ಕಿರುಚುತ್ತದೆ. ಮೀಟರ್ ನೋಡಿದರೆ 65ರ ಒಳಗೇ ಇತ್ತು. ಇರಲೇಬೇಕಲ್ಲ, ಮೊಬೈಲ್ ಇದ್ದದ್ದು ಸ್ಪೀಕರಿನ ಹಿಂದೆ, ನನ್ನ ಚೀಲದ ಮೇಲೆ. ಅವರು ನಿಂತದ್ದು ಮುಂದೆ, ಆರೇಳು ಅಡಿ ದೂರದಲ್ಲಿ.

ಎರಡೂಕಾಲರ ಹೊತ್ತಿಗೆ ಅವರ ಕೂಗು ನಿಂತಿತು. ಅಬ್ಬ, ಇನ್ನು ಸರಿಯಾಯಿತು ಅಂದುಕೊಂಡೆ. ಆ ಸಮಾಧಾನ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಜನ ಸೇರಿದರು. ಮಂಗಳೂರು ಬಸ್ಸಿಗೆ ಕಾಯುವವರೂ ಬಂದು ನಿಂತರು. ಹಿಂದೋಳ ನುಡಿಸಿದೆ, ಚಪ್ಪಾಳೆಯೂ ಬಿತ್ತು.

ಆಮೇಲೆ ನೋಡುತ್ತೇನೆ, ಅವರು ಕೋಲು ಊರಿಕೊಂಡು ನನ್ನ ಕಡೆಗೇ ಬರುತ್ತಿದ್ದಾರೆ. ಜಗಳಕ್ಕೇ ಬಂದರು ಅಂದುಕೊಂಡೆ. ಬಾಯಲ್ಲಿ ಉತ್ತರವೂ ರೆಡಿ ಇತ್ತು, ಪರ್ಮಿಷನ್ ಇದೆ ಅಂತ. ಅವರು ಕೈ ಚಾಚಿ ಮೈಕಿನ ಸ್ಟ್ಯಾಂಡ್ ಮುಟ್ಟಿ ನಿಂತರು.

"ಗಂಟೆ ಎಷ್ಟಾಯಿತು?"

"ಎರಡು ಐವತ್ತು."

ಹೆಬ್ಬೆರಳಿನಲ್ಲಿ ಒಂದೊಂದೇ ಟಿಕೆಟ್ ಸರಿಸಿ ಎಣಿಸಿದರು. ಅವಸರ ಇರಲಿಲ್ಲ. "ಇಪ್ಪತ್ತಮೂರು ಉಂಟು. ಮೂರು ಗಂಟೆಗೆ ಡ್ರಾ. ಆಮೇಲೆ ಇದು ಬರೀ ಕಾಗದ. ದುಡ್ಡು ಮೊದಲೇ ಕೊಟ್ಟು ತಂದದ್ದು, ವಾಪಸ್ ತಕ್ಕೊಳ್ಳುವುದಿಲ್ಲ."

ನಾನು ಸುಮ್ಮನಿದ್ದೆ.

"ನಿಮ್ಮ ಕೊಳಲು ಲಾಯ್ಕ ಉಂಟು. ಆದರೆ ನನಗೆ ಇರುವುದು ಸ್ವರ ಒಂದೇ. ಅದನ್ನು ನೀವು ಮುಚ್ಚಿದ್ರಿ. ಬಸ್ಸು ಯಾವುದು ಬಂತು ಅಂತಲೂ ಗೊತ್ತಾಗಲಿಲ್ಲ ಮಾರಾಯ್ರೇ."

ಕರ್ನಾಟಕದಲ್ಲಿ 2007ರಿಂದ ಲಾಟರಿ ಇಲ್ಲ. ಆ ಕಡೆ ಹೋಗುವವರು ಬಸ್ ಹತ್ತುವ ಮೊದಲು ಇಲ್ಲೇ ಟಿಕೆಟ್ ತೆಗೆದುಕೊಳ್ಳುತ್ತಾರೆ. ಮಂಗಳೂರು ಬಸ್ಸಿನ ಕಂಡಕ್ಟರ್ ಕೂಗಿದ ಕೂಡಲೇ ಇವರು ಆ ಕಡೆ ತಿರುಗಿ ಕೂಗಬೇಕು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಅವರ ದಿನದ ವ್ಯಾಪಾರ. ಸರಿಯಾಗಿ ಅದೇ ಒಂದು ಗಂಟೆಯನ್ನು ನಾನು ತೆಗೆದುಕೊಂಡಿದ್ದೆ.

ಸ್ಪೀಕರ್ ಆಫ್ ಮಾಡಿದೆ. ಕೈ ನಡುಗುತ್ತಿತ್ತು. ಅವರು ಗೋಡೆ ಹತ್ತಿರ ವಾಪಸ್ ಹೋಗಿ ಕೂಗಲು ಶುರು ಮಾಡಿದರು. ಗಂಟಲು ಆಗಲೇ ಒಡೆದಿತ್ತು. ನನ್ನ ಕೊಳಲು ಕೇಳಲು ನಿಂತಿದ್ದ ಕೆಲವರು ಅವರ ಹತ್ತಿರ ಹೋದರು. ಎರಡು ಐವತ್ತೇಳರ ಹೊತ್ತಿಗೆ ಒಂಬತ್ತು ಟಿಕೆಟ್ ಹೋಯಿತು. ನನ್ನ ಕೇಸಿನಲ್ಲಿ ನನ್ನ ನಲವತ್ತು ಬಿಟ್ಟು ನಾನ್ನೂರ ಹತ್ತು ರೂಪಾಯಿ ಇತ್ತು. ಅದನ್ನು ಹಾಗೇ ಅವರ ಕೈಗೆ ಕೊಡಲು ಹೋದೆ. ಕೈ ಹಿಂದಕ್ಕೆ ಎಳೆದುಕೊಂಡರು.

"ಬೇಕಾದರೆ ಟಿಕೆಟ್ ತಕ್ಕೊಳ್ಳಿ. ಸುಮ್ನೆ ಬೇಡ."

ಐವತ್ತರಂತೆ ಎಂಟು ತೆಗೆದುಕೊಂಡೆ. ಹತ್ತು ರೂಪಾಯಿ ಉಳಿಯಿತು. ಅವರ ಕೈಯಲ್ಲಿ ಆರು ಟಿಕೆಟ್ ಉಳಿದವು. ಮೂರು ಗಂಟೆಗೆ ಅವನ್ನು ರಬ್ಬರ್ ಬ್ಯಾಂಡ್ ಹಾಕಿ ಅಂಗಿಯ ಜೇಬಿಗೆ ಇಟ್ಟುಕೊಂಡದ್ದನ್ನು ನಾನು ನೋಡಿದೆ.

ಹೊಸದಾಗಿ ಬೀದಿಗೆ ಇಳಿಯುವವರಿಗೆ ಎಲ್ಲರೂ ಮೈಕ್, ಬ್ಯಾಟರಿ, ಯಾವ ಹಾಡಿಗೆ ಜನ ನಿಲ್ಲುತ್ತಾರೆ ಅನ್ನುವುದನ್ನೇ ಹೇಳುತ್ತಾರೆ. ನನಗೂ ಅದನ್ನೇ ಹೇಳಿದ್ದರು. ನಾನು ಹೇಳುವುದು ಇಷ್ಟೇ. ಸ್ಪೀಕರ್ ಇಡುವ ಮೊದಲು ಅರ್ಧ ಗಂಟೆ ಬರಿಗೈಯಲ್ಲಿ ಅಲ್ಲಿ ನಿಲ್ಲಿ. ಕೂಗಿ ಬದುಕುವವರು ಯಾರಿದ್ದಾರೆ ಅಂತ ಕೇಳಿ. ಮೀಟರನ್ನು ಅವರ ಹತ್ತಿರ ಹಿಡಿಯಿರಿ.

ಈಗ ನಾನು ಮೂರೂವರೆಗೆ ಬರುತ್ತೇನೆ. ಗೋಡೆ ಅವರದು, ನಾನು ಇಪ್ಪತ್ತು ಹೆಜ್ಜೆ ಆಚೆ. ಅಲ್ಲಿ ಶಬ್ದ ಸ್ವಲ್ಪ ಚದುರುತ್ತದೆ, ಆದರೂ ಸಾಕಾಗುತ್ತದೆ. ಯಾವ ರಾಗಕ್ಕೆ ಹೆಜ್ಜೆಗಳು ನಿಂತವು, ಯಾವುದಕ್ಕೆ ಮುಂದೆ ಹೋದವು ಅಂತ ಸಂಜೆ ಅವರೇ ಹೇಳುತ್ತಾರೆ. ಮೋಹನಕ್ಕಿಂತ ಹಿಂದೋಳಕ್ಕೆ ಜಾಸ್ತಿ ನಿಲ್ಲುತ್ತಾರಂತೆ.

ಡ್ರಾ ಮುಗಿದ ಮೇಲೆ ಅವರು ಮರುದಿನದ ಟಿಕೆಟ್ ಹಿಡಿದು "ನಾಳೆ, ನಾಳೆ" ಅಂತ ಕೂಗುತ್ತಾರೆ. ಮಲಯಾಳಕ್ಕೂ ಕನ್ನಡಕ್ಕೂ ಅದೊಂದೇ ಪದ ಸಾಕು. ನಾನು ತಂಬೂರಿ ಹಾಕಿ ಕಾಯುತ್ತೇನೆ. ಅದರ ಮೇಲೆ ಅವರ "ನಾಳೆ" ನನ್ನ ಕಿವಿಗೆ ಸರಿಯಾಗಿ ಬಿದ್ದ ಮೇಲೆ ಕೊಳಲು ಎತ್ತುತ್ತೇನೆ.