‘ತಿಳೀತಾ?’ ಅಂತ ಕೇಳೋದನ್ನ ಬಿಟ್ಟೆ

ತೋರಣಗಲ್ಲಿನ ಹತ್ತಿರ ಒಂದು ಕಾರ್ಖಾನೆಯ ತರಬೇತಿ ಕೋಣೆ. ಬೆಳಗ್ಗೆ ಏಳೂವರೆ. ಬೆಂಚುಗಳ ಮೇಲೆ ಹೊಸದಾಗಿ ಸೇರಿದ ಮೂವತ್ತು ಜನ ಗುತ್ತಿಗೆ ಕೆಲಸಗಾರರು. ಅರ್ಧ ಜನ ಒಡಿಶಾ, ಜಾರ್ಖಂಡ್ ಕಡೆಯವರು. ಉಳಿದವರು ಸಂಡೂರು, ಕುರುಗೋಡು, ಕಂಪ್ಲಿ ಕಡೆಯವರು. ಪಾಠ ಮಾಡುತ್ತಿದ್ದ ಸುರಕ್ಷತಾ ಅಧಿಕಾರಿ ತಮಿಳುನಾಡಿನವರು. ಹಿಂದಿಯಲ್ಲಿ ಹೇಳುತ್ತಿದ್ದರು. ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಮಧ್ಯಾಹ್ನ ಅದೇ ಕೋಣೆಯಲ್ಲಿ ಅಲ್ಲಿನ ಇಂಜಿನಿಯರುಗಳಿಗೆ ನನ್ನ ಉಪನ್ಯಾಸ ಇತ್ತು.

ಅದಿರು ಸಾಗಿಸುವ ಬೆಲ್ಟ್ ಕೆಟ್ಟರೆ ಏನು ಮಾಡಬೇಕು ಅನ್ನೋದು ಅವತ್ತಿನ ಪಾಠ. ಮೊದಲು ಕರೆಂಟ್ ತೆಗೆಯಬೇಕು. ಸ್ವಿಚ್ಚಿಗೆ ನಿಮ್ಮ ಬೀಗ ಹಾಕಬೇಕು. ನಿಮ್ಮ ಹೆಸರಿನ ಚೀಟಿ ಕಟ್ಟಬೇಕು. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ, ಬೆಲ್ಟ್ ಓಡೋದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಬೀಗದ ಕೈ ನಿಮ್ಮ ಹತ್ತಿರವೇ ಇರಬೇಕು. ಅಧಿಕಾರಿ ಚೆನ್ನಾಗಿಯೇ ಹೇಳಿದರು, ಎರಡು ಸಲ ಹೇಳಿದರು. ಕೊನೆಗೆ ‘ಸಮಝ್ ಗಯೇ?’ ಅಂತ ಕೇಳಿದರು. ಮೂವತ್ತು ಜನವೂ ಒಂದೇ ದನಿಯಲ್ಲಿ ‘ಹಾಂ ಸಾಬ್’ ಅಂದರು.

ಚಹಾ ಹೊತ್ತಿಗೆ ಹೊರಗೆ ಬಂದಾಗ ಒಡಿಶಾದ ಹುಡುಗನೊಬ್ಬ ಪಕ್ಕದಲ್ಲಿ ನಿಂತಿದ್ದ. ಇಪ್ಪತ್ತು ವರ್ಷ ಇರಬಹುದು. ಕೈಯಲ್ಲಿ ಆಗಷ್ಟೇ ಕೊಟ್ಟ ಕೆಂಪು ಬೀಗ. ಸುಮ್ನೆ ಮಾತಿಗೆ ಅಂತ ನನ್ನ ಅರ್ಧಂಬರ್ಧ ಹಿಂದಿಯಲ್ಲಿ ಕೇಳಿದೆ: ‘ಬೀಗ ಹಾಕಿದ ಮೇಲೆ ಕೀ ಯಾರ ಹತ್ತಿರ ಇಡ್ತೀಯಪ್ಪ?’

‘ಸೂಪರ್‌ವೈಸರ್ ಸಾಬ್‌ಗೆ ಕೊಡ್ತೀನಿ’ ಅಂದ.

ನನಗೆ ಮೈ ಜುಮ್ ಅಂತು. ಬೆಲ್ಟಿನ ಒಳಗೆ ಇವನ ಕೈ ಇರುವಾಗ ಕೀ ಇನ್ನೊಬ್ಬರ ಜೇಬಿನಲ್ಲಿ ಇದ್ದರೆ ಆ ಬೀಗ ಇದ್ದೂ ಇಲ್ಲದ ಹಾಗೆ. ಇಡೀ ಪಾಠದಲ್ಲಿ ಇದೊಂದು ಮಾತು ಮುಖ್ಯ, ಅದೇ ಅವನಿಗೆ ಮುಟ್ಟಿರಲಿಲ್ಲ. ಮತ್ತೆ ಒಳಗೆ ಯಾಕೆ ಕೇಳಲಿಲ್ಲ ಅಂದೆ. ಅವನು ತಲೆ ತಗ್ಗಿಸಿದ. ‘ಅಷ್ಟು ದೊಡ್ಡವರ ಮುಂದೆ ತಿಳೀಲಿಲ್ಲ ಅಂತ ಹೇಗೆ ಹೇಳೋದು ಮೇಡಂ?’

ಅಧಿಕಾರಿಗೆ ಹೋಗಿ ವಿಷಯ ಹೇಳಿದೆ. ಅವರು ತಕ್ಷಣ ಮತ್ತೆ ಎಲ್ಲರನ್ನೂ ಒಳಗೆ ಕರೆದರು, ಒಳ್ಳೆಯ ಮನುಷ್ಯ. ನನ್ನ ತಲೆಯಲ್ಲಿ ಮಾತ್ರ ಆ ಹುಡುಗನ ಮಾತು ಕೂತುಬಿಟ್ಟಿತು.

ಯಾಕೆ ಅಂದರೆ ಅಷ್ಟು ಹೊತ್ತಿಗೆ ನಾನು ಬಳ್ಳಾರಿಯಲ್ಲಿ ಹದಿನೆಂಟು ವರ್ಷದಿಂದ ಇದೇ ವಿಷಯ ಪಾಠ ಮಾಡುತ್ತಿದ್ದೆ. ಬೇರೆ ಬೇರೆ ಸಂಸ್ಕೃತಿಯ ಜನ ಒಬ್ಬರಿಗೊಬ್ಬರು ಹೇಗೆ ಮಾತಾಡುತ್ತಾರೆ, ಎಲ್ಲಿ ಅರ್ಥ ತಪ್ಪುತ್ತದೆ ಅನ್ನೋದು ನನ್ನ ಪೇಪರ್. ಹಾಫ್‌ಸ್ಟೆಡ್ ಅನ್ನೋ ಡಚ್ ವಿದ್ವಾಂಸ 1967ರಿಂದ 1973ರ ನಡುವೆ ಐಬಿಎಂ ಕಂಪನಿಯ ನೌಕರರಿಂದ ತುಂಬಿಸಿದ ಒಂದು ಲಕ್ಷಕ್ಕೂ ಜಾಸ್ತಿ ಪ್ರಶ್ನಾವಳಿಗಳನ್ನು ಹಿಡಿದು ದೇಶ ದೇಶಕ್ಕೆ ಅಂಕ ಕೊಟ್ಟರು. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ ಅನ್ನೋದನ್ನು ಜನ ಎಷ್ಟು ಒಪ್ಪಿಕೊಂಡಿದ್ದಾರೆ ಅನ್ನೋದಕ್ಕೂ ಒಂದು ಅಂಕ ಇದೆ. ಭಾರತಕ್ಕೆ 77, ಅಮೆರಿಕಕ್ಕೆ 40. ಪ್ರತಿ ವರ್ಷ ಈ ಎರಡು ಸಂಖ್ಯೆ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಬರೆದು, ಚಾಕ್ ಕೆಳಗಿಟ್ಟು, ತಿರುಗಿ ‘ತಿಳೀತಾ?’ ಅಂತ ಕೇಳುತ್ತಿದ್ದೆ. ಅರವತ್ತು ಮಕ್ಕಳು ‘ಹೂಂ ಮೇಡಂ’ ಅನ್ನುತ್ತಿದ್ದರು. ನಾನು ಮುಂದಿನ ಪುಟಕ್ಕೆ ಹೋಗುತ್ತಿದ್ದೆ.

ಆ 77 ನನ್ನ ಕ್ಲಾಸಿನಲ್ಲೇ ಕೂತಿತ್ತು, ನಾನು ನೋಡಿರಲಿಲ್ಲ.

ನಮ್ಮ ಕಡೆ ‘ಹೂಂ’ ಅಂದರೆ ‘ಒಪ್ಪಿದೆ’ ಅಂತಲೇ ಆಗಬೇಕಿಲ್ಲ. ಅಜ್ಜಿ ಕಥೆ ಹೇಳುವಾಗ ಮಗು ಹೂಂ ಅನ್ನುತ್ತಲ್ಲ, ಅದು ‘ಕೇಳ್ತಾ ಇದ್ದೀನಿ, ಮುಂದೆ ಹೇಳು’ ಅಂತ. ‘ತಿಳೀಲಿಲ್ಲ’ ಅಂದರೋ, ‘ನೀವು ಸರಿಯಾಗಿ ಹೇಳಲಿಲ್ಲ’ ಅಂದ ಹಾಗೆ ಆಗುತ್ತದೆ. ಗುರುಗಳಿಗೆ, ಯಜಮಾನರಿಗೆ, ಡಾಕ್ಟರಿಗೆ ಹಾಗೆ ಅನ್ನೋದು ಎದುರು ಮಾತು. ಮನೆಯಲ್ಲಿ ಹುಟ್ಟಿದಾಗಿನಿಂದ ಎದುರು ಮಾತಾಡಬೇಡ ಅಂತ ಕಲಿಸಿ, ಕ್ಲಾಸಿನಲ್ಲಿ ಎದ್ದು ನಿಂತು ತಿಳೀಲಿಲ್ಲ ಅನ್ನು ಅಂದರೆ ಆ ಮಗು ಏನು ಮಾಡಬೇಕು? ‘ತಿಳೀತಾ?’ ಅನ್ನೋ ಪ್ರಶ್ನೆಗೆ ನಮ್ಮಲ್ಲಿ ಇರೋದು ಒಂದೇ ಉತ್ತರ.

ಅವತ್ತಿನಿಂದ ಆ ಪ್ರಶ್ನೆ ಬಿಟ್ಟೆ. ಅದರ ಬದಲು ‘ಈಗ ನೀನು ಹೇಳು’ ಅಂತ ಶುರು ಮಾಡಿದೆ. ಅದೂ ಮೊದಲು ಕೆಟ್ಟಿತು. ಮಕ್ಕಳು ಹೆದರಿದರು, ವೈವಾ ಅಂದುಕೊಂಡರು. ಎರಡು ವಾರ ಕ್ಲಾಸಿಗೆ ಬರೋರೇ ಕಮ್ಮಿ ಆದರು. ಆಸ್ಪತ್ರೆಗಳಲ್ಲಿ ಇದಕ್ಕೆ ಟೀಚ್‌-ಬ್ಯಾಕ್ ಅಂತಾರೆ. ರೋಗಿಗೆ ಹೇಳಿದ್ದನ್ನು ರೋಗಿಯ ಬಾಯಿಂದಲೇ ಕೇಳೋದು. ಅದರಲ್ಲಿ ಒಂದು ಸೂಕ್ಷ್ಮ ಇದೆ. ಪರೀಕ್ಷೆ ನಡೀತಾ ಇರೋದು ಹೇಳಿದವರದ್ದು, ಕೇಳಿದವರದ್ದಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಬೇಕು. ನಾನು ಮಾತು ಬದಲಾಯಿಸಿದೆ: ‘ನಾನು ಸರಿಯಾಗಿ ಹೇಳಿದೆನಾ ಇಲ್ಲವಾ ಅಂತ ನನಗೆ ಗೊತ್ತಾಗಬೇಕು. ನಿಮ್ಮ ಅವ್ವನಿಗೆ ಫೋನಿನಲ್ಲಿ ಹೇಳೋ ಹಾಗೆ ಹೇಳವ್ವ.’ ಅಷ್ಟೇ. ಬಾಯಿ ಬಿಚ್ಚಿದವು.

ನರ್ಸಿಂಗ್ ಓದುವ ಮಕ್ಕಳಿಗೂ ಇದನ್ನೇ ಹೇಳಿಕೊಟ್ಟೆ. ಒಬ್ಬಳು ಬಂದು ಹೇಳಿದಳು: ಒಬ್ಬ ಅಜ್ಜನಿಗೆ ‘ಊಟ ಆದ ಮೇಲೆ ಒಂದೊಂದು ಗುಳಿಗಿ, ದಿನಕ್ಕ ಮೂರು’ ಅಂತ ಹೇಳಿ, ಅವನಿಂದಲೇ ತಿರುಗಿ ಹೇಳಿಸಿದಳಂತೆ. ಅಜ್ಜ ಎರಡು ಗುಳಿಗಿ ಲೆಕ್ಕ ಕೊಟ್ಟ. ಕೂಲಿಗೆ ಹೋಗುವ ಅಜ್ಜ ಉಣ್ಣೋದೇ ದಿನಕ್ಕೆ ಎರಡು ಸಲ. ಮೂರನೇ ಗುಳಿಗಿ ಯಾವಾಗ ಅಂತ ಅವಳು ಕೂತು ಅವನ ಜೊತೆ ಮಾತಾಡಿ ಹೊತ್ತು ಗೊತ್ತು ಮಾಡಿದಳು.

ಇಷ್ಟಾದರೂ ನನ್ನ ಪಾಠದ ಉದಾಹರಣೆಗಳೆಲ್ಲ ಜಪಾನು, ಜರ್ಮನಿಯವೇ ಆಗಿದ್ದವು. ‘ಮೇಡಂ, ಇದು ಫಾರಿನ್‌ಗೆ ಹೋಗೋರಿಗೆ ಅಲ್ವಾ?’ ಅಂತ ಮಕ್ಕಳು ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟವಳೂ ಒಬ್ಬ ವಿದ್ಯಾರ್ಥಿನಿಯೇ.

ಅವಳು ಸಿಂಧನೂರಿನ ಹತ್ತಿರದ ಬಂಗಾಳಿ ಕ್ಯಾಂಪಿನವಳು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ನೆಲೆ ಕೊಟ್ಟ ಕ್ಯಾಂಪ್ ಅದು. ಮನೆಯಲ್ಲಿ ಬಂಗಾಳಿ. ಸಂತೆಯಲ್ಲಿ ಕನ್ನಡ. ತುಂಗಭದ್ರಾ ಕಾಲುವೆ ನೀರು ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದ ರೈತರ ಗದ್ದೆಗೆ ಹೋದರೆ ತೆಲುಗು. ಒಂದು ವರ್ಷ ಅವಳು ಕ್ಲಾಸಿನಲ್ಲಿ ತುಟಿ ಪಿಟಕ್ ಅಂದಿರಲಿಲ್ಲ.

ಅವತ್ತು ಎಡ್ವರ್ಡ್ ಹಾಲ್ ಪಾಠ. ಅಮೆರಿಕದ ಮಾನವಶಾಸ್ತ್ರಜ್ಞ, 1950ರ ದಶಕದಲ್ಲಿ ಅಲ್ಲಿನ ರಾಯಭಾರಿ ಕಚೇರಿಗಳಿಗೆ ಹೋಗುವವರಿಗೆ ತರಬೇತಿ ಕೊಟ್ಟವರು. ಕೆಲವು ಕಡೆ ಮಾತಿನಲ್ಲೇ ಎಲ್ಲ ಇರುತ್ತದೆ, ಕೆಲವು ಕಡೆ ಯಾರು, ಯಾವಾಗ, ಯಾರ ಮುಂದೆ ಅನ್ನೋದರಲ್ಲಿ ಅರ್ಥ ಇರುತ್ತದೆ ಅನ್ನೋದು ಅವರ ವಿಚಾರ. ಹೇಳಿ ಮುಗಿಸಿ, ಅವಳ ಕಡೆ ನೋಡಿದೆ. ‘ನಿಮ್ಮ ಅಜ್ಜಿಗೆ ಹೇಳೋ ಹಾಗೆ ಹೇಳು.’

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಮೇಡಂ, ಪಕ್ಕದ ಮನೆಯವರು ಸಾಲ ಕೇಳಿದರೆ ನಮ್ಮ ಅಜ್ಜಿ ‘ದೇಖಿ’ ಅಂತಾರೆ. ನೋಡೋಣ ಅಂತ. ಕೊಡಲ್ಲ ಅಂತ ಇಬ್ಬರಿಗೂ ಗೊತ್ತು. ಯಾರಿಗೂ ಬೇಜಾರಾಗಲ್ಲ.’

ಕ್ಲಾಸು ಎದ್ದು ಕೂತಿತು. ಗಂಗಾವತಿ ಕಡೆಯ ಹುಡುಗ ‘ನಮ್ಮಲ್ಲಿ ಚೂದ್ದಾಂ ಅಂತಾರೆ’ ಅಂದ. ಕೌಲ್ ಬಜಾರಿನ ಹುಡುಗಿ ‘ದೇಖೇಂಗೆ’ ಅಂದಳು. ಕುಷ್ಟಗಿಯವನೊಬ್ಬ ಒಪ್ಪಲೇ ಇಲ್ಲ. ‘ನಮ್ಮಪ್ಪ ನೋಡೂಣು ಅಂದ್ರ ಖರೇನ ನೋಡತಾನ್ರೀ’ ಅಂತ ಜಗಳಕ್ಕೇ ನಿಂತ. ‘ಮಗಳಿಗೆ ಅಂದರೆ ನೋಡ್ತಾರೆ, ಸಾಲ ಕೇಳೋರಿಗೆ ಅಂದರೆ?’ ಅಂತ ಇನ್ನೊಬ್ಬಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹಾಲ್ ಅವರ ವಿಚಾರವನ್ನು ನಾನು ಅಷ್ಟು ವರ್ಷದಲ್ಲಿ ಅಷ್ಟು ಚೆನ್ನಾಗಿ ಒಂದು ದಿನವೂ ಹೇಳಿರಲಿಲ್ಲ.

ನಮ್ಮ ಊರಿಗಿಂತ ಒಳ್ಳೆಯ ಪ್ರಯೋಗಶಾಲೆ ಈ ವಿಷಯಕ್ಕೆ ಇನ್ನೆಲ್ಲಿದೆ ಹೇಳಿ? ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಕೈಲಿತ್ತು. ಆದೋನಿ, ಆಲೂರು, ರಾಯದುರ್ಗ ಅವತ್ತು ಆಂಧ್ರಕ್ಕೆ ಹೋದವು. ನೆಂಟಸ್ತನ ಮಾತ್ರ ಇಲ್ಲೇ ಉಳಿಯಿತು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಲಿದ್ದವು. ಒಂದೇ ಬೆಂಚಿನಲ್ಲಿ ಕೂತ ಮಕ್ಕಳ ಮುತ್ತಜ್ಜಂದಿರಲ್ಲಿ ಒಬ್ಬ ಉರ್ದು ಶಾಲೆಯಲ್ಲಿ, ಇನ್ನೊಬ್ಬ ತೆಲುಗು ಶಾಲೆಯಲ್ಲಿ ಓದಿದವನು.

ಮಾತಿನ ಕಟ್ಟೋಣವೇ ಬೆರೆತು ಹೋಗಿದೆ. ‘ಬರ್ತೀನಿ ಅಂತ ಹೇಳಿದ’ ಅಂತ ನಾವು ಅಂತೀವಿ. ತೆಲುಗಿನವರು ‘ವಸ್ತಾನು ಅನಿ ಚೆಪ್ಪಾಡು’ ಅಂತಾರೆ. ನಮ್ಮ ಕಡೆಯ ದಖನಿ ಉರ್ದುವಿನಲ್ಲಿ ‘ಆತೂಂ ಬೋಲ್ಕೆ ಬೋಲ್ಯಾ’. ನಮ್ಮ ‘ಅಂತ’ ಇರುವ ಜಾಗದಲ್ಲೇ ಅವರ ‘ಬೋಲ್ಕೆ’ ಬಂದು ಕೂತಿದೆ. ದಿಲ್ಲಿಯ ಉರ್ದು ಹೀಗಿಲ್ಲ.

ಇಷ್ಟು ಬೆರೆತರೂ ದನಿ ಎತ್ತುವುದು, ಇಳಿಸುವುದು ಬೇರೆ ಬೇರೆ. ಗಂಪರ್ಜ್ ಅನ್ನೋ ಭಾಷಾವಿಜ್ಞಾನಿ ಲಂಡನ್ನಿನ ವಿಮಾನ ನಿಲ್ದಾಣದ ಕ್ಯಾಂಟೀನಿನಲ್ಲಿ ಕಂಡದ್ದು ಇದನ್ನೇ. ಭಾರತ, ಪಾಕಿಸ್ತಾನದ ಹೆಂಗಸರು ಊಟ ಬಡಿಸುತ್ತಾ ‘ಗ್ರೇವಿ’ ಅಂತ ದನಿ ಇಳಿಸಿ ಹೇಳುತ್ತಿದ್ದರು. ಅವರ ಲೆಕ್ಕದಲ್ಲಿ ಅದು ‘ಗ್ರೇವಿ ಬೇಕಾ?’ ಇಂಗ್ಲಿಷರ ಕಿವಿಗೆ ‘ಬೇಕಾದ್ರೆ ತಗೋ’ ಅನ್ನೋ ಹಾಗೆ ಕೇಳಿಸುತ್ತಿತ್ತು. ಒಂದೇ ಪದ, ಅದರ ಮೇಲೆ ಇಬ್ಬರಿಗೂ ಸಿಟ್ಟು. ಮೈಸೂರಿನಿಂದ ಬಂದ ನನ್ನ ಸಹೋದ್ಯೋಗಿ ಮೊದಲ ವಾರ ಇಲ್ಲಿನ ಹುಡುಗರು ಒಬ್ಬರನ್ನೊಬ್ಬರು ‘ಏನಲೇ’ ಅನ್ನೋದನ್ನು ಕೇಳಿ ಹೊಡೆದಾಟ ಅಂದುಕೊಂಡು ಬಿಡಿಸಲು ಓಡಿದ್ದರು. ಹುಡುಗರು ಊಟಕ್ಕೆ ಕರೆಯುತ್ತಿದ್ದರು, ಅಷ್ಟೇ.

ಹಾಫ್‌ಸ್ಟೆಡ್‌ರನ್ನು ನಾನು ಈಗಲೂ ಪಾಠ ಮಾಡುತ್ತೇನೆ. ಸಿಲಬಸ್‌ನಲ್ಲಿದೆ, ಮಕ್ಕಳು ಪರೀಕ್ಷೆ ಬರೆಯಬೇಕು. ಆದರೆ 77 ಬರೆದ ಮೇಲೆ ಚಾಕನ್ನು ಅವರ ಕೈಗೆ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಯಾರು ಯಾರಿಗೆ ‘ತಿಳೀಲಿಲ್ಲ’ ಅನ್ನಬಹುದು, ಯಾರಿಗೆ ಅನ್ನಬಾರದು, ಬರೀರಿ. ಬೋರ್ಡ್ ತುಂಬಿ ಹೋಗುತ್ತದೆ. ಸೊಸೆ ಅತ್ತೆಗೆ ಅನ್ನೋ ಹಾಗಿಲ್ಲ, ಮೊಮ್ಮಗ ಅಜ್ಜನಿಗೆ ಅನ್ನಬಹುದು. ಇಡೀ ಭಾರತಕ್ಕೆ ಒಂದು ಸಂಖ್ಯೆ ಸಾಕಾ ಅಂತ ಆಗ ಅವರೇ ಕೇಳುತ್ತಾರೆ.

ಈ ವರ್ಷ ಎಲ್ಲರೂ ಸೇರಿ ‘ನೋಡೋಣ’ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕೂಡಿಸುತ್ತಿದ್ದೇವೆ. ಯಾರು ಯಾರಿಗೆ ಅಂದದ್ದು, ಆಮೇಲೆ ಏನಾಯಿತು, ಎಲ್ಲ ಬರೆಯಬೇಕು. ಲಂಬಾಣಿ ಮಾತಿನದ್ದು ಇನ್ನೂ ಸಿಕ್ಕಿಲ್ಲ. ಸಂಡೂರು ಕಡೆಯ ತಾಂಡಾದ ಹುಡುಗಿಯೊಬ್ಬಳು ಅಜ್ಜಿಯನ್ನು ಕೇಳಿಕೊಂಡು ಬರ್ತೀನಿ ಅಂದಿದ್ದಾಳೆ. ಸೋಮವಾರ ಕ್ಲಾಸಿದೆ.