ಪಾಸ್‌ಥ್ರೂ ಲಾಗ್: ಕಾರ್ಡ್ ಒಳಗೆ ಹೋಗೋದು ಸುಲಭ, ಹೊರಗೆ ಬರೋದೇ ಕಷ್ಟ

ಕೊನೆಗೂ ಆಯ್ತು. ಲಿನಕ್ಸ್ ಹೋಸ್ಟಿನೊಳಗೆ ಓಡುವ ವಿಂಡೋಸ್ ವಿಎಂಗೆ (ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್) ಗ್ರಾಫಿಕ್ಸ್ ಕಾರ್ಡನ್ನು ನೇರ ಬಿಟ್ಟುಕೊಡುವುದೇ ಪಾಸ್‌ಥ್ರೂ. ಈಗ ಆ ವಿಎಂ ಶಟ್‌ಡೌನ್ ಮಾಡಿ ಮತ್ತೆ ಸ್ಟಾರ್ಟ್ ಕೊಟ್ಟರೆ ಗ್ರಾಫಿಕ್ಸ್ ಕಾರ್ಡ್ ಎದ್ದು ಬರುತ್ತಿದೆ. ಹೋಸ್ಟ್ ರೀಬೂಟ್ ಬೇಡ, ಗೋಡೆಯ ಸ್ವಿಚ್ ಆರಿಸುವುದೂ ಬೇಡ. ಇದೂ ಒಂದು ಸುದ್ದಿಯಾ ಅಂತ ಕೇಳುವವರು ಕೇಳಲಿ. ಎಎಂಡಿಯ ಪೋಲಾರಿಸ್ ತಲೆಮಾರಿನ ಕಾರ್ಡ್ (ನನ್ನ ಆರ್‌ಎಕ್ಸ್ 580 ಅದೇ) ಜೊತೆ ಸಂಸಾರ ಮಾಡಿದವರಿಗೆ ನಾನು ಯಾಕೆ ರಾತ್ರಿ ಒಂದು ಗಂಟೆಗೆ ಕುಣಿದೆ ಅಂತ ಹೇಳಬೇಕಾಗಿಲ್ಲ.

ಸೆಟಪ್ ಇಷ್ಟು: ರೈಜನ್ 5 5600ಜಿ, ಬಿ550 ಬೋರ್ಡ್, 32 ಜಿಬಿ ರ‍್ಯಾಮ್, ಡೆಬಿಯನ್ 13. ಹೋಸ್ಟಿನ ಪರದೆಗೆ ಪ್ರೊಸೆಸರ್ ಒಳಗಿನ ಗ್ರಾಫಿಕ್ಸೇ ಸಾಕು. ಎಕ್ಸ್16 ಸ್ಲಾಟಿನಲ್ಲಿರುವ ಆರ್‌ಎಕ್ಸ್ 580 ಪೂರ್ತಿ ತಮ್ಮನಿಗೆ. ಅವನದು ಇಂಟೀರಿಯರ್ ಕೆಲಸ, ಲೂಮಿಯನ್ (3ಡಿ ರೆಂಡರ್ ಮಾಡುವ ತಂತ್ರಾಂಶ) ಬೇಕೇ ಬೇಕು, ಅದು ವಿಂಡೋಸ್ ಬಿಟ್ಟು ಬೇರೆಲ್ಲೂ ನಡೆಯಲ್ಲ. ಮನೆಯಲ್ಲಿರುವುದು ಒಂದೇ ಡೆಸ್ಕ್‌ಟಾಪ್. ಡ್ಯುಯಲ್ ಬೂಟ್ ಇದ್ದಾಗ ಯಾರ ಸರದಿ ಅನ್ನುವುದಕ್ಕೇ ದಿನಾ ಪಂಚಾಯ್ತಿ. ಬಯೋಸ್‌ನಲ್ಲಿ ಐಒಎಂಎಂಯು (ಸಾಧನಗಳನ್ನು ಗುಂಪುಗಳಾಗಿ ಬೇರ್ಪಡಿಸಿ ವಿಎಂಗೆ ಕೊಡಲು ಬೇಕಾದ ಸೌಲಭ್ಯ) ಆನ್ ಮಾಡಿದ್ದು, ಗುಂಪು ನೋಡಿದ್ದು, ಕಾರ್ಡನ್ನೂ ಅದರ ಆಡಿಯೋ ಫಂಕ್ಷನ್ನನ್ನೂ ವಿಎಫ್‌ಐಒಗೆ (ಕಾರ್ಡನ್ನು ವಿಎಂಗೆಂದು ಕಾದಿಡುವ ಡ್ರೈವರ್) ಕಟ್ಟಿದ್ದು, ಓವಿಎಂಎಫ್ (ವಿಎಂನ ಬಯೋಸ್), ವರ್ಟ್‌ಐಒ (ವಿಎಂಗೆಂದೇ ಇರುವ ಡ್ರೈವರುಗಳು), ಇದೆಲ್ಲ ನಿಮಗೆ ಬಾಯಿಪಾಠ. ಎಕ್ಸ್16 ಸ್ಲಾಟ್ ನೇರ ಪ್ರೊಸೆಸರ್‌ಗೆ ಹೋಗುವುದರಿಂದ ಗುಂಪು ಚೊಕ್ಕವಾಗಿ ಸಿಕ್ಕಿತು, ಗುಂಪನ್ನು ಬಲವಂತವಾಗಿ ಒಡೆಯುವ ಎಸಿಎಸ್ ಪ್ಯಾಚಿನ ಗೋಜಿಲ್ಲ. ಮುಂದಕ್ಕೆ ಹೋಗೋಣ.

ಹೋಗುವ ಮೊದಲು ಅಂಗಡಿಯವನ ಬಗ್ಗೆ ನಾಲ್ಕು ಮಾತು. ಕಾರ್ಡ್ ತಂದಿದ್ದು ಬೆಂಗಳೂರಿನ ಎಸ್.ಪಿ. ರೋಡಿನಿಂದ, ಸೆಕೆಂಡ್ ಹ್ಯಾಂಡ್. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಪ್ರೂಫ್ ಆಫ್ ಸ್ಟೇಕ್‌ಗೆ ಹೋದಾಗ ಮೈನಿಂಗ್ ಕಾರ್ಡುಗಳೆಲ್ಲ ಒಟ್ಟಿಗೆ ಬೀದಿಗೆ ಬಿದ್ದವಲ್ಲ, ಅದರ ಬಾಲ ಇನ್ನೂ ಮುಗಿದಿಲ್ಲ. "ಮೈನಿಂಗ್ ಮಾಲಲ್ಲ ಸಾರ್, ಒಬ್ಬ ಕಾಲೇಜ್ ಹುಡುಗ ಸಂಡೇ ಸಂಡೇ ಗೇಮ್ ಆಡ್ತಿದ್ದ." ಆ ಕಾಲೇಜ್ ಹುಡುಗ ಈ ದೇಶದಲ್ಲಿ ಎಷ್ಟು ಕಾರ್ಡ್ ಇಟ್ಟುಕೊಂಡಿದ್ದನೋ ದೇವರೇ ಬಲ್ಲ, ಪ್ರತಿ ಅಂಗಡಿಯಲ್ಲೂ ಅವನೇ. ಬಿಚ್ಚಿ ನೋಡಿದರೆ ಥರ್ಮಲ್ ಪೇಸ್ಟ್ ಸುಣ್ಣದ ಪುಡಿಯಾಗಿದೆ, ಪ್ಯಾಡುಗಳಿಂದ ಎಣ್ಣೆ ಇಳಿದಿದೆ. ಅದಾದರೂ ಸಹಿಸಬಹುದು. ಎಲ್‌ಎಸ್‌ಪಿಸಿಐ (ಪಿಸಿಐ ಸಾಧನಗಳ ಪಟ್ಟಿ ಕೊಡುವ ಆಜ್ಞೆ) ಹೊಡೆದರೆ ಡಿವೈಸ್ ಐಡಿ 67ಡಿಎಫ್ ಬರಬೇಕಾದಲ್ಲಿ 6ಎಫ್‌ಡಿಎಫ್ ಬಂತು. ಅಂದರೆ ಇದು 2048 ಎಸ್‌ಪಿ ಮಾಲು. ನಿಜವಾದ 580ಯಲ್ಲಿ 2304 ಸ್ಟ್ರೀಮ್ ಪ್ರೊಸೆಸರ್ ಇರುತ್ತವೆ. 2048 ಇರುವುದು 570ಯಲ್ಲಿ. ಡಬ್ಬದ ಮೇಲೆ 580, ಬಿಲ್ಲಿನಲ್ಲಿ 580, ಚಿಪ್ಪಿನಲ್ಲಿ 570. ಫೋನ್ ಮಾಡಿದರೆ "580 ಅಂತ್ಲೇ ಬರ್ದಿದ್ಯಲ್ಲ ಸಾರ್, ಇನ್ನೇನು ಪ್ರಾಬ್ಲಮ್?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಇದೇ ಮಾಲು ಕೊಂಡವರು ಒಂದು ನೆನಪಿಡಿ: ಗೈಡುಗಳಲ್ಲಿ ಕೊಟ್ಟಿರುವ ಐಡಿಯನ್ನು ಹಾಗೇ ನಕಲು ಹೊಡೆದರೆ ವಿಎಫ್‌ಐಒ ಈ ಕಾರ್ಡಿನ ಕಡೆ ತಿರುಗಿಯೂ ನೋಡಲ್ಲ, ಎಎಂಡಿಜಿಪಿಯು ಡ್ರೈವರ್ ಮೊದಲೇ ಬಂದು ಹಿಡಿದುಕೊಳ್ಳುತ್ತದೆ. ನನ್ನ ಹಾಗೆ ಹೋಸ್ಟಿನಲ್ಲೂ ಅದೇ ಡ್ರೈವರ್ ಬಳಸುವವರಿಗೆ ಅದನ್ನು ಬ್ಲ್ಯಾಕ್‌ಲಿಸ್ಟ್ ಮಾಡುವ ದಾರಿಯೂ ಇಲ್ಲ.

ಈಗ ನಿಜವಾದ ಕಥೆ.

ಹೋಸ್ಟ್ ಹೊಸದಾಗಿ ಆನ್ ಆದಾಗ ವಿಎಂ ಸ್ಟಾರ್ಟ್ ಮಾಡಿದರೆ ಎಲ್ಲ ಸರಿ. ಪರದೆ ಬರುತ್ತದೆ, ಡ್ರೈವರ್ ಕೂರುತ್ತದೆ, ಲೂಮಿಯನ್ ಓಡುತ್ತದೆ, ತಮ್ಮ ಖುಷಿ. ವಿಎಂ ಆಫ್ ಮಾಡಿ ಎರಡನೇ ಸಲ ಸ್ಟಾರ್ಟ್ ಮಾಡಿದರೆ ಕಪ್ಪು ಪರದೆ. ಒಂದು ಕೋರ್ ನೂರು ಪರ್ಸೆಂಟಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಒತ್ತಾಯ ಮಾಡಿ ಮೂರನೇ ಸಲ ಎಬ್ಬಿಸಹೋದರೆ ಲಿಬ್‌ವರ್ಟ್ (ವಿಎಂಗಳನ್ನು ನಡೆಸುವ ತಂತ್ರಾಂಶ) "ಪಿಸಿಐ ಹೆಡರ್ ಟೈಪ್ 127 ಗೊತ್ತಿಲ್ಲ" ಅಂತ ಬೈದು ಬಾಗಿಲು ಹಾಕಿಕೊಳ್ಳುತ್ತದೆ. ಎಲ್‌ಎಸ್‌ಪಿಸಿಐ ನೋಡಿದರೆ ಕಾರ್ಡಿನ ಎದುರು "ರೆವ್ ಎಫ್‌ಎಫ್".

ಈ 127 ಎಲ್ಲಿಂದ ಬಂತು ಅಂತ ಹುಡುಕಿದ್ದು ಒಳ್ಳೆಯದೇ ಆಯಿತು. ಸತ್ತ ಪಿಸಿಐ ಸಾಧನವನ್ನು ಓದಿದರೆ ಬಸ್ಸಿನಿಂದ ಬರುವುದು ಬರೀ ಒಂದುಗಳು, ಅಂದರೆ ಎಫ್‌ಎಫ್. ಹೆಡರ್ ಟೈಪ್ ಬೈಟಿನ ಮೇಲಿನ ಬಿಟ್ ಮಲ್ಟಿಫಂಕ್ಷನ್ ಗುರುತು. ಅದನ್ನು ತೆಗೆದರೆ ಉಳಿಯುವುದು 7ಎಫ್, ಅಂದರೆ 127. ಆ ಎರರ್‌ನಲ್ಲಿ ಹೆಡರ್ ಬಗ್ಗೆ ಏನೂ ಇಲ್ಲ. ಕಾರ್ಡ್ ಉಸಿರಾಡುತ್ತಿಲ್ಲ ಅನ್ನುವುದನ್ನೇ ಲಿಬ್‌ವರ್ಟ್ ಸುತ್ತಿ ಬಳಸಿ ಹೇಳುತ್ತಿದೆ.

ಕಾರಣ ಹಳೆಯದು. ವಿಎಂ ಬಿಟ್ಟುಹೋದ ಕಾರ್ಡನ್ನು ಮತ್ತೆ ಶುರುವಿನ ಸ್ಥಿತಿಗೆ ತರಬೇಕು. ಅದಕ್ಕೆ ಸಲೀಸಾದ ದಾರಿ ಫಂಕ್ಷನ್ ಲೆವೆಲ್ ರೀಸೆಟ್. ಪೋಲಾರಿಸ್‌ನಲ್ಲಿ ಅದು ಇಲ್ಲ. ಉಳಿದದ್ದು ಬಸ್ ರೀಸೆಟ್, ಅದನ್ನು ಕೊಟ್ಟರೂ ಚಿಪ್ಪಿನೊಳಗಿನ ಫರ್ಮ್‌ವೇರ್ ಹಳೆಯ ಸ್ಥಿತಿಯಲ್ಲೇ ಇರುತ್ತದೆ. ಒಂದು ಪ್ರಸಂಗ ಮುಗಿಸಿದ ವೇಷಧಾರಿ ಚೌಕಿಗೆ ಹೋಗಿ ಬಣ್ಣ ತೆಗೆಯದೆ, ಮುಂದಿನ ಪ್ರಸಂಗಕ್ಕೂ ಅದೇ ಕಿರೀಟದಲ್ಲಿ ರಂಗಸ್ಥಳಕ್ಕೆ ನುಗ್ಗಿದ ಹಾಗೆ. ಭಾಗವತರು ಪದ ಎತ್ತುತ್ತಾರೆ, ಇವನು ಹಿಂದಿನ ಪದಕ್ಕೆ ಕುಣಿಯುತ್ತಾನೆ.

ಇದಕ್ಕೆ ತಮಾಷೆಯ ಪರಿಹಾರ ಒಂದಿತ್ತು: ಕರೆಂಟ್ ಹೋಗುವುದು. ನಮ್ಮ ಊರಲ್ಲಿ ಮಳೆಗಾಲದಲ್ಲಿ ಅದಕ್ಕೇನೂ ಬರವಿಲ್ಲ. ಪೂರ್ತಿ ಪವರ್ ಹೋಗಿ ಬಂದರೆ ಕಾರ್ಡ್ ಹೊಸ ಮದುಮಗ. ಯುಪಿಎಸ್ ಹಾಕಿಸಿದ ಮೇಲೆ ಅದೂ ತಪ್ಪಿತು.

ಎರಡನೆಯ ಪರಿಹಾರ ನಿದ್ದೆ. ಕಾರ್ಡಿನ ಎರಡೂ ಫಂಕ್ಷನ್ನುಗಳನ್ನು ಸಿಸ್‌ಎಫ್‌ಎಸ್‌ನಿಂದ (ಕರ್ನಲ್ ಸಾಧನಗಳನ್ನು ಫೈಲುಗಳಾಗಿ ತೋರಿಸುವ ಜಾಗ) ತೆಗೆದು, ಆರ್‌ಟಿಸಿವೇಕ್ ಆಜ್ಞೆಯಿಂದ ಹೋಸ್ಟನ್ನು ಕೆಲವು ಸೆಕೆಂಡ್ ಸಸ್ಪೆಂಡ್ ಮಾಡಿ, ಎದ್ದ ಮೇಲೆ ಬಸ್ ರೀಸ್ಕ್ಯಾನ್. ಎಸ್3 ನಿದ್ದೆಯಲ್ಲಿ ಸ್ಲಾಟಿನ ಪವರ್ ಹೋಗುವುದರಿಂದ ಕಾರ್ಡ್ ಸರಿಹೋಗುತ್ತದೆ. ಕೆಲಸ ಮಾಡಿತು, ಚೆನ್ನಾಗಿಯೇ ಮಾಡಿತು. ಆದರೆ ಅದೇ ಹೋಸ್ಟಿನಲ್ಲಿ ಜೆಲ್ಲಿಫಿನ್ (ಮನೆಯ ವಿಡಿಯೋ ಸರ್ವರ್) ಇದೆ, ಅದರಲ್ಲಿ ಅಮ್ಮನ ಧಾರಾವಾಹಿಗಳಿವೆ. ತಮ್ಮ ವಿಎಂ ಆಫ್ ಮಾಡಿದಾಗೆಲ್ಲ ಹಾಲ್‌ನಲ್ಲಿ ಅತ್ತೆ ಸೊಸೆಗೆ ಏನೋ ಹೇಳಹೊರಟು ಬಾಯಿ ತೆರೆದು ನಿಂತುಬಿಡುತ್ತಿದ್ದಳು. "ಅಣ್ಣಾ, ಅಮ್ಮ ಕರೀತಿದ್ದಾರೆ" ಅಂತ ತಮ್ಮ ಹೇಳುತ್ತಿದ್ದ ಧಾಟಿಯಲ್ಲೇ ಈ ಪರಿಹಾರದ ಆಯಸ್ಸು ಗೊತ್ತಾಯಿತು.

ಮೂರನೆಯದು ವಿಂಡೋಸ್ ಒಳಗೆ ಒಂದು ಸರ್ವಿಸ್ ಹಾಕಿ, ಶಟ್‌ಡೌನ್ ಆಗುವಾಗ ಕಾರ್ಡನ್ನು ಡಿಸೇಬಲ್ ಮಾಡಿಸಿ, ಬೂಟ್ ಆದ ಮೇಲೆ ಎನೇಬಲ್ ಮಾಡಿಸುವುದು. ಕಾರ್ಡ್ ಮರ್ಯಾದೆಯಿಂದ ಕೆಳಗಿಳಿದರೆ ಮರ್ಯಾದೆಯಿಂದ ಏಳುತ್ತದೆ. ನೀಲಿ ಪರದೆ ಬಂತೋ, ವಿಎಂ ನೇತುಬಿದ್ದು ಬಲವಂತವಾಗಿ ಕೊಲ್ಲಬೇಕಾಯಿತೋ, ಆ ಸರ್ವಿಸ್‌ಗೆ ಸರದಿಯೇ ಸಿಗುವುದಿಲ್ಲ. ರೆಂಡರ್ ಮಾಡುವ ಯಂತ್ರ ಮರ್ಯಾದೆಯಿಂದಲೇ ಸಾಯುತ್ತದೆ ಅಂತ ನಂಬಿ ಕೂರುವುದು ನನ್ನ ಕೈಲಾಗದು.

ಈ ಹಂತದಲ್ಲಿ ಬೇಸರ ಬಂದು ಅಟ್ಟ ಹತ್ತಿದೆ, ಅಲ್ಲಿ ಅಜ್ಜನ ಯಕ್ಷಗಾನದ ಕ್ಯಾಸೆಟ್ಟುಗಳ ಟ್ರಂಕ್. ಮುಂದಿನ ಪ್ರಾಜೆಕ್ಟ್ ಅಲ್ಲೇ ನಿರ್ಧಾರವಾಗಿಹೋಯಿತು. ತಾಳಮದ್ದಲೆಗಳು ಜಾಸ್ತಿ, ಹೆಚ್ಚಿನವು ಅಜ್ಜ ತಾವೇ ಮುಂದಿನ ಸಾಲಿನಲ್ಲಿ ಕೂತು ರೆಕಾರ್ಡ್ ಮಾಡಿದ್ದು. ಎಷ್ಟೋ ಕ್ಯಾಸೆಟ್ಟುಗಳಲ್ಲಿ ಒಳಗಿನ ಪ್ರೆಷರ್ ಪ್ಯಾಡ್ ಉದುರಿದೆ. ಅದು ಟೇಪನ್ನು ಹೆಡ್ಡಿಗೆ ಒತ್ತದಿದ್ದರೆ ಚಂಡೆ ಮದ್ದಳೆ ಎರಡೂ ಮಂಕು. ಹಳೆ ಡೆಕ್ಕಿನ ಬೆಲ್ಟ್ ಕರಗಿ ಅಂಟಾಗಿದೆ. ಪ್ರತಿ ಕ್ಯಾಸೆಟ್ಟಿಗೂ ಅಜಿಮತ್ ಸ್ಕ್ರೂ ತಿರುಗಿಸಿ ಹೆಡ್ಡಿನ ಕೋನ ಸರಿಮಾಡಬೇಕು, ಯಾಕೆಂದರೆ ಒಂದೊಂದು ಕ್ಯಾಸೆಟ್ ಒಂದೊಂದು ಟೇಪ್ ರೆಕಾರ್ಡರಿನಲ್ಲಿ ಮುದ್ರಣವಾಗಿದೆ. ಜಾಗಟೆಯ ಸದ್ದು ಇದಕ್ಕೆ ಒಳ್ಳೆಯ ಅಳತೆಗೋಲು ಅಂತ ನನ್ನ ಊಹೆ. ಮೇಲಿನ ಫ್ರೀಕ್ವೆನ್ಸಿ ಅದರಲ್ಲಿ ಬೇಕಾದಷ್ಟಿದೆ, ಕೋನ ಸರಿಯಾದ ತಕ್ಷಣ ಕಿವಿಗೇ ಗೊತ್ತಾಗಬೇಕು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸುವ ಯೋಚನೆ. ಅಷ್ಟು ಬೇಕೇ ಅಂತ ವಾದಕ್ಕೆ ಬರುವವರು ಬನ್ನಿ, ಡಿಸ್ಕ್ ನನ್ನದು. ಅದರ ಲಾಗ್ ಬೇರೆ ಬರೆಯುತ್ತೇನೆ.

ಮತ್ತೆ ಕಾರ್ಡಿಗೆ. ನಾಲ್ಕನೆಯದು, ಎಲ್ಲರೂ ಹೇಳುವ ವೆಂಡರ್-ರೀಸೆಟ್ ಮಾಡ್ಯೂಲ್. ಲುಕಿಂಗ್ ಗ್ಲಾಸ್ (ವಿಎಂನ ಪರದೆಯನ್ನು ಹೋಸ್ಟಿನಲ್ಲಿ ತೋರಿಸುವ ತಂತ್ರಾಂಶ) ಬರೆದ ಜೆಫ್ರಿ ಮೆಕ್‌ರೇ ಅವರ ಕೈವಾಡ ಇದರಲ್ಲೂ ಇದೆ. ಎಎಂಡಿಜಿಪಿಯು ಡ್ರೈವರ್‌ಗೆ ಗೊತ್ತಿರುವ ರೀಸೆಟ್ ಕಸರತ್ತುಗಳನ್ನೇ ಎತ್ತಿಕೊಂಡು, ಎಫ್‌ಟ್ರೇಸ್ (ಕರ್ನಲ್ ಫಂಕ್ಷನ್ನುಗಳ ಜಾಡು ಹಿಡಿಯುವ ಸೌಲಭ್ಯ) ಮೂಲಕ ಕರ್ನಲ್ಲಿನ ಡಿವೈಸ್-ಸ್ಪೆಸಿಫಿಕ್ ರೀಸೆಟ್ ಫಂಕ್ಷನ್ನಿಗೆ ಕೊಕ್ಕೆ ಹಾಕುತ್ತದೆ. ಡಿಕೆಎಂಎಸ್‌ಗೆ (ಪ್ರತಿ ಕರ್ನಲ್ಲಿಗೂ ಮಾಡ್ಯೂಲನ್ನು ಬಿಲ್ಡ್ ಮಾಡಿಕೊಡುವ ವ್ಯವಸ್ಥೆ) ಕೊಟ್ಟೆ. ಬಿಲ್ಡ್ ಫೇಲ್. ಡೆಬಿಯನ್ 13ರ ಕರ್ನಲ್ 6.12, ಆ ಆವೃತ್ತಿಯಲ್ಲಿ ಅನ್‌ಅಲೈನ್ಡ್ ಹೆಡರ್ ಫೈಲ್ "ಎಎಸ್‌ಎಂ" ಫೋಲ್ಡರಿನಿಂದ "ಲಿನಕ್ಸ್" ಫೋಲ್ಡರಿಗೆ ಮನೆ ಬದಲಾಯಿಸಿದೆ. ಒಂದು ಪದ ತಿದ್ದಿದರೆ ಬಿಲ್ಡ್ ಆಯಿತು. ಲೋಡ್ ಆಯಿತು. ಡಿಮೆಸೇಜ್‌ನಲ್ಲಿ (ಕರ್ನಲ್ಲಿನ ಲಾಗ್) "ವೆಂಡರ್ ರೀಸೆಟ್ ಹುಕ್ ಇನ್‌ಸ್ಟಾಲ್ಡ್" ಅಂತ ಬಂತು. ವಿಎಂ ಎರಡನೇ ಸಲ ಸ್ಟಾರ್ಟ್ ಮಾಡಿದೆ. ಕಪ್ಪು ಪರದೆ.

ತಲೆ ಕೆಡಿಸಿದ ಭಾಗ ಇದು. ಮಾಡ್ಯೂಲ್ ಇದೆ, ಹುಕ್ ಕೂತಿದೆ, ಎರರ್ ಒಂದೂ ಇಲ್ಲ. ರೀಸೆಟ್ ನಡೆದಿದ್ದರೆ ಲಾಗಿನಲ್ಲಿ ಪ್ರೀ-ರೀಸೆಟ್, ರೀಸೆಟ್, ಪೋಸ್ಟ್-ರೀಸೆಟ್ ಅಂತ ಸಾಲಾಗಿ ಬರಬೇಕು. ಒಂದು ಸಾಲೂ ಇಲ್ಲ. ನಕಲಿ 580ಯ ಐಡಿಯೇ ಮಾಡ್ಯೂಲಿಗೆ ಗೊತ್ತಿಲ್ಲವೋ ಅಂತ ಅಂಗಡಿಯವನನ್ನು ಮತ್ತೊಮ್ಮೆ ಮನಸಾರೆ ಬೈದೆ. ಈ ಒಂದು ವಿಷಯದಲ್ಲಿ ಅವನು ನಿರಪರಾಧಿ.

ಸಿಸ್‌ಎಫ್‌ಎಸ್‌ನಲ್ಲಿ ಕಾರ್ಡಿನ ಫೋಲ್ಡರಿನೊಳಗೆ "ರೀಸೆಟ್ ಮೆಥಡ್" ಅಂತ ಒಂದು ಪುಟ್ಟ ಫೈಲ್ ಇದೆ. ಕರ್ನಲ್ 5.15ರಲ್ಲಿ ಬಂದದ್ದು. ಓದಿದರೆ ಒಂದೇ ಪದ: "ಬಸ್".

ಅಲ್ಲೇ ಇತ್ತು ಗಂಟು. 5.15ಕ್ಕೆ ಮೊದಲು ರೀಸೆಟ್ ಬೇಕಾದಾಗಲೆಲ್ಲ ಕರ್ನಲ್ ಎಲ್ಲ ವಿಧಾನಗಳನ್ನೂ ಒಂದೊಂದಾಗಿ ಪ್ರಯತ್ನಿಸುತ್ತಿತ್ತು, ಡಿವೈಸ್-ಸ್ಪೆಸಿಫಿಕ್ ಮೊದಲು. ಹಾಗಾಗಿ ಕೊಕ್ಕೆ ಯಾವಾಗ ಹಾಕಿದರೂ ಮೀನು ಬೀಳುತ್ತಿತ್ತು. 5.15ರ ನಂತರ ಸಾಧನವನ್ನು ಮೊದಲ ಬಾರಿ ಗುರುತಿಸುವಾಗಲೇ ಯಾವ ವಿಧಾನಗಳು ನಡೆಯುತ್ತವೆ ಅಂತ ಪರೀಕ್ಷಿಸಿ ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಬೂಟಿನ ಆ ಕ್ಷಣದಲ್ಲಿ ವೆಂಡರ್-ರೀಸೆಟ್ ಇನ್ನೂ ಲೋಡೇ ಆಗಿರುವುದಿಲ್ಲ. ಪಟ್ಟಿಯಲ್ಲಿ ಅದರ ಹೆಸರಿಲ್ಲ. ಆಮೇಲೆ ಮಾಡ್ಯೂಲ್ ಬಂದು ಬಾಗಿಲಲ್ಲಿ ನಿಂತರೂ ಆ ಬಾಗಿಲಿಗೆ ಯಾರೂ ಬರುವುದಿಲ್ಲ. ಯಾರನ್ನೂ ಬೈಯುವ ಹಾಗಿಲ್ಲ, ಹೊಸ ಪದ್ಧತಿಯೇ ಹೆಚ್ಚು ಶಿಸ್ತಿನದು. ಆದರೂ ಡಿಮೆಸೇಜ್‌ನಲ್ಲಿ ಅರ್ಧ ಸಾಲು ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಪರಿಹಾರ: ಮಾಡ್ಯೂಲ್ ಲೋಡ್ ಆದ ಮೇಲೆ ಆ ಫೈಲಿಗೆ "ಡಿವೈಸ್ ಸ್ಪೆಸಿಫಿಕ್" ಅಂತ ಬರೆಯುವುದು (ನಡುವೆ ಅಂಡರ್‌ಸ್ಕೋರ್, ಸ್ಪೇಸ್ ಅಲ್ಲ). ಕರ್ನಲ್ ಆಗ ಮತ್ತೆ ಪರೀಕ್ಷಿಸುತ್ತದೆ, ಈ ಸಲ ಹುಕ್ ಸಿಗುತ್ತದೆ, ಒಪ್ಪಿಕೊಳ್ಳುತ್ತದೆ. ಒಂದೇ ಒಂದು ಎಕೋ ಆಜ್ಞೆ.

ವಿಎಂ ಸ್ಟಾರ್ಟ್. ಲಾಗಿನಲ್ಲಿ ಪ್ರೀ, ರೀಸೆಟ್, ಪೋಸ್ಟ್, "ರಿಸಲ್ಟ್ = 0". ಆಫ್. ಸ್ಟಾರ್ಟ್. ಪರದೆ ಬಂತು. ತಮ್ಮನ ಕೈಲಿ ಲೂಮಿಯನ್ ರೆಂಡರ್ ಹಾಕಿಸಿ, ಅರ್ಧದಲ್ಲಿ ಫೋರ್ಸ್ ಆಫ್ ಮಾಡಿದೆ. ಅವನು "ಅಣ್ಣಾ!" ಅಂದ. ಸ್ಟಾರ್ಟ್. ಬಂತು! ಹಾಲ್‌ನಲ್ಲಿ ಅತ್ತೆ ಸೊಸೆ ಜಗಳ ತಡೆಯಿಲ್ಲದೆ ನಡೆಯುತ್ತಿತ್ತು.

ಎಕೋ ಸಾಲು ರೀಬೂಟ್ ಆದರೆ ಹಾರಿಹೋಗುತ್ತದೆ, ಅದಕ್ಕೊಂದು ಚಿಕ್ಕ ಸಿಸ್ಟಂಡಿ ಯೂನಿಟ್ (ಬೂಟ್ ಆಗುವಾಗ ತಾನಾಗಿ ಓಡುವ ಸೇವೆ): ಮೊದಲು ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್, ಆಮೇಲೆ ಎಕೋ, ಎರಡೂ ಲಿಬ್‌ವರ್ಟ್ ಏಳುವ ಮೊದಲು. ಸ್ಲಾಟ್ ನಂಬರನ್ನು ಅದರಲ್ಲಿ ನೇರವಾಗಿ ಬರೆಯಬೇಡಿ. ನಾಳೆ ಇನ್ನೊಂದು ಎನ್‌ವಿಎಂಇ ಸಿಕ್ಕಿಸಿದರೆ ನಂಬರ್ ಬದಲಾಗಬಹುದು. ವೆಂಡರ್ ಮತ್ತು ಡಿವೈಸ್ ಐಡಿಯಿಂದ ಹುಡುಕಿಸಿ. ಕರ್ನಲ್ ಅಪ್‌ಡೇಟ್ ಆದಾಗ ಡಿಕೆಎಂಎಸ್ ಮತ್ತೆ ಮುನಿಸಿಕೊಳ್ಳುವುದು ಖಂಡಿತ, ಆದ್ದರಿಂದ ಕರ್ನಲ್ ಪ್ಯಾಕೇಜನ್ನು ಹೋಲ್ಡ್‌ನಲ್ಲಿಟ್ಟು ಪುರಸೊತ್ತಿದ್ದಾಗ ಮಾತ್ರ ಬಿಡುತ್ತೇನೆ.

ಎನ್‌ವಿಡಿಯಾ ಕಾರ್ಡ್ ತಗೋಬಾರದಿತ್ತಾ ಅಂತ ಗೆಳೆಯನೊಬ್ಬ ಕೇಳಿದ. ವಿಎಂ ಅಂತ ಗೊತ್ತಾದರೆ ಎನ್‌ವಿಡಿಯಾ ಡ್ರೈವರ್ ಕೋಡ್ 43 ಎರರ್ ಕೊಟ್ಟು ಕೂರುತ್ತಿದ್ದ ಕಾಲದಲ್ಲಿ ಹೈಪರ್‌ವೈಸರ್‌ನ ಗುರುತು ಮುಚ್ಚಿಟ್ಟು ಕಳ್ಳದಾರಿಯಲ್ಲಿ ಹೋಗಬೇಕಿತ್ತು. 2021ರಲ್ಲಿ 465 ಸರಣಿಯ ಡ್ರೈವರ್ ಬಂದ ಮೇಲೆ ಆ ತಾಪತ್ರಯವಿಲ್ಲ. ಆದರೆ ಅದೇ ದುಡ್ಡಿಗೆ ಎಂಟು ಜಿಬಿ ಮೆಮೊರಿ ಯಾರು ಕೊಡುತ್ತಾರೆ?

ಈಗ ಉಳಿದಿರುವುದು ಲುಕಿಂಗ್ ಗ್ಲಾಸ್. ವಿಎಂನ ಪರದೆಯನ್ನು ಹಂಚಿಕೊಂಡ ಮೆಮೊರಿ ಮೂಲಕ ಹೋಸ್ಟಿನ ಕಿಟಕಿಯಲ್ಲೇ ತೋರಿಸಬಹುದು, 1080ಪಿಗೆ 32 ಎಂಬಿ ಸಾಕು, ಎರಡನೇ ಮಾನಿಟರ್ ಉಳಿಯುತ್ತದೆ. ಕಾರ್ಡಿಗೆ ಮಾನಿಟರ್ ಇದೆ ಅಂತ ನಂಬಿಸಲು ಒಂದು ಡಮ್ಮಿ ಪ್ಲಗ್ ಬೇಕಿತ್ತು, ಆನ್‌ಲೈನಿನಲ್ಲಿ ಎಚ್‌ಡಿಎಂಐ ಆರ್ಡರ್ ಮಾಡಿದೆ. ವಿಜಿಎ ಬಂದಿದೆ. ಈ ಕಾರ್ಡಿನಲ್ಲಿ ವಿಜಿಎ ತೂತೇ ಇಲ್ಲ. ವಾಪಸ್ ಕಳಿಸುವ ಅರ್ಜಿಗೆ "ದಯವಿಟ್ಟು ಪ್ರಾಡಕ್ಟ್ ಆನ್ ಆಗಿರುವ ಫೋಟೋ ಕಳಿಸಿ" ಅಂತ ಉತ್ತರ ಬಂದಿದೆ.