ಶ್ರಾವಣ ಬಂತು, ಪುರಾಣ ಹಚ್ಚಿದ್ದಾರೆ

ನಮ್ಮ ಕಲಬುರಗಿ ಕಡೆ ಶ್ರಾವಣ ಬಂದದ್ದು ಮೊದಲು ಕಿವಿಗೆ ಗೊತ್ತಾಗುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾವ ಓಣಿಯಲ್ಲಿ ಹೋದರೂ ಹನುಮಪ್ಪನ ಗುಡಿಯಿಂದಲೋ ಮಠದ ಅಂಗಳದಿಂದಲೋ ಹಾರ್ಮೋನಿಯಂ ದನಿ ಬರುತ್ತಿರುತ್ತದೆ. ತಬಲಾದವರು ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿದು ಶ್ರುತಿ ಕೂಡಿಸುತ್ತಿರುತ್ತಾರೆ. ಯಾರೋ ಒಬ್ಬ ಹುಡುಗ ಮೈಕ್ ಹಿಡಿದು, ತಾಯಂದಿರು ಲಗೂ ಬರಬೇಕು ಅಂತ ಕರೆಯುತ್ತಾನೆ. ಕಿರಾಣಿ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಸಿಕ್ಕರೆ ಈ ತಿಂಗಳು ಕೇಳುವ ಮಾತೇ ಬೇರೆ. "ನಿಮ್ಮ ಓಣ್ಯಾಗ ಯಾವ ಪುರಾಣ ಹಚ್ಯಾರ್ರಿ? ಶಾಸ್ತ್ರಿಗಳು ಯಾವ ಊರವರು?" ಪುರಾಣ ಹಚ್ಚುವುದು ಅಂದರೆ ಶರಣರ ಚರಿತ್ರೆಯನ್ನು ದಿನಾ ಸಂಜೆ ಗುಡಿಯಲ್ಲಿ ಹಾಡಿ, ಅರ್ಥ ಹೇಳಿ ನಡೆಸುವುದು.

ಹೊಲದ ಕಡೆ ನೋಡಿದರೆ ಇದಕ್ಕೆಲ್ಲ ಶ್ರಾವಣವೇ ಯಾಕೆ ಅಂತ ತಿಳಿಯುತ್ತದೆ. ತೊಗರಿ ಬಿತ್ತಿ ಆಗಿರುತ್ತದೆ. ಹೆಸರು, ಉದ್ದಿನ ರಾಶಿಗೆ ಇನ್ನೂ ಸ್ವಲ್ಪ ದಿನ ಇರುತ್ತದೆ. ಹಿಂಗಾರಿ ಜೋಳದ ಬಿತ್ತನೆ ಅಂತೂ ದೂರದ ಮಾತು. ಜಿಟಿಜಿಟಿ ಮಳೆ ಹಿಡಿದರೆ ಎರಿ ಹೊಲದಲ್ಲಿ ಕಾಲಿಡೋಕೇ ಆಗುವುದಿಲ್ಲ. ಆ ಬಿಡುವನ್ನು ನಮ್ಮ ಹಿರಿಯರು ದೇವರಿಗೆ ಕೊಟ್ಟರು. ಹೊಲ ಬಿಟ್ಟು, ಊರು ಬಿಟ್ಟು ಕಲಬುರಗಿಗೆ ಬಂದು ನೆಲೆಸಿದವರೂ ಈ ರೂಢಿಯನ್ನು ಮಾತ್ರ ಬಿಡಲಿಲ್ಲ. ಬೆಳಗ್ಗೆಯಿಂದ ಆಫೀಸು, ಅಂಗಡಿ, ಆಟೊ ಅಂತ ದುಡಿದವರು ಸಂಜೆ ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ ಗುಡಿ ಕಟ್ಟೆಗೆ ಬಂದು ಕೂಡುತ್ತಾರೆ.

ಶ್ರಾವಣ ಹಿಡಿಯುವುದು ಒಬ್ಬೊಬ್ಬರದು ಒಂದೊಂದು ಥರ. ಕೆಲವರು ಸೋಮವಾರ ಒಪ್ಪತ್ತು ಮಾಡುತ್ತಾರೆ. ಕೆಲವರು ಶನಿವಾರ ತಪ್ಪದೆ ಹನುಮಪ್ಪನಿಗೆ ಎಣ್ಣೆ ಒಯ್ಯುತ್ತಾರೆ. ತಿಂಗಳು ಪೂರಾ ಚಪ್ಪಲಿ ಮೆಟ್ಟದೆ ತಿರುಗುವವರನ್ನೂ ನೋಡಿದ್ದೇನೆ. ನಮ್ಮ ಅತ್ತೆಯವರ ಹರಕೆ ಬೇರೆ. ಪುರಾಣ ಹಚ್ಚಿದ ದಿನದಿಂದ ಮಂಗಲ ಆಗುವವರೆಗೆ ಒಂದು ಸಂಜೆಯೂ ತಪ್ಪಿಸದೆ ಕೂತು ಕೇಳುವುದು. ಅಷ್ಟೇ. ಅವರಿಗೆ ಓದೋಕೆ ಬರುವುದಿಲ್ಲ. ಆದರೆ ನಮ್ಮ ಕಲಬುರಗಿಯ ಶರಣ ಶರಣಬಸಪ್ಪನ ಚರಿತ್ರೆಯಲ್ಲಿ ಯಾವ ಪ್ರಸಂಗ ಆದಮೇಲೆ ಯಾವುದು ಬರುತ್ತದೆ ಅಂತ ಕೇಳಿದರೆ ಒಂದೂ ತಪ್ಪದೆ ಹೇಳುತ್ತಾರೆ. ಮೊಣಕಾಲು ನೋವು ಅಂತ ನಾವು ಕುರ್ಚಿ ಒಯ್ದು ಕೊಟ್ಟರೆ ಅದನ್ನು ಬೇರೆ ಯಾರಿಗಾದರೂ ಕೊಟ್ಟು, ತಾವು ಕಂಬಕ್ಕೆ ಆತು ನೆಲದ ಮೇಲೇ ಕೂಡುತ್ತಾರೆ. ಶರಣರ ಮಾತು ಕೆಳಗೆ ಕೂತೇ ಕೇಳಬೇಕು ಅನ್ನುವುದು ಅವರ ಮಾತು. ಕಿವಿ ಕೊಟ್ಟು ಕೂಡುವುದೂ ಪೂಜೆಯೇ ಅಂತ ನಾನು ನಂಬಿದ್ದು ಅವರನ್ನು ನೋಡಿ.

ಪುರಾಣ ನಡೆಯುವ ರೀತಿಯೇ ಚೆಂದ. ಗವಾಯಿಗಳು ಒಂದು ಪದ್ಯ ಹಾಡುತ್ತಾರೆ. ಶಾಸ್ತ್ರಿಗಳು ಅದನ್ನು ಬಿಡಿಸಿ ಅರ್ಥ ಹೇಳುತ್ತಾರೆ. ಅರ್ಥ ಹೇಳುತ್ತ ಹೇಳುತ್ತ ನಮ್ಮ ಮನೆಗಳ ಒಳಗೇ ಬಂದುಬಿಡುತ್ತಾರೆ. ಅತ್ತೆ ಸೊಸೆ, ಅಣ್ಣ ತಮ್ಮ, ಹೊಲದ ಬದುವಿನ ಜಗಳ, ಸಾಲ, ಕುಡಿತ, ಎಲ್ಲವೂ ಬರುತ್ತದೆ. ಮಾತು ಭಾರ ಆಯಿತು ಅನ್ನುವಾಗ ಗವಾಯಿಗಳು ಒಂದು ವಚನ ಎತ್ತಿಕೊಳ್ಳುತ್ತಾರೆ. ಆಗ ಕಟ್ಟೆಯ ಮೇಲಿನ ಜನರೆಲ್ಲ ಚಪ್ಪಾಳೆ ತಟ್ಟುತ್ತ ದನಿಗೂಡಿಸುತ್ತಾರೆ.

ಈ ಗವಾಯಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಪುರಾಣಕ್ಕೆ ಬರುವ ಎಷ್ಟೋ ಮಂದಿ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010), ಇಬ್ಬರಿಗೂ ಕಣ್ಣು ಇರಲಿಲ್ಲ. ಕಣ್ಣಿಲ್ಲದ ಮಕ್ಕಳನ್ನು, ದಿಕ್ಕಿಲ್ಲದ ಮಕ್ಕಳನ್ನು ಸೇರಿಸಿಕೊಂಡು, ಅನ್ನ ಹಾಕಿ, ಸ್ವರ ಕಲಿಸಿ ಊರೂರಿಗೆ ಕಳಿಸಿದರು. ನಮ್ಮ ಓಣಿಗೆ ಬಂದಿದ್ದ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಇನ್ನೂ ಹರೆಯದವರು. ದಿನಕ್ಕೊಂದು ಮನೆಯಲ್ಲಿ ಅವರ ಊಟ. ಓಣಿಯ ಹುಡುಗರು ನಾನು ನೀನು ಅಂತ ಪಾಳಿ ಹಚ್ಚಿ ಅವರ ಕೈ ಹಿಡಿದು ಕರೆದುಕೊಂಡು ಬರುತ್ತಿದ್ದರು. ನಮ್ಮ ಮನೆಗೆ ಬಂದ ದಿನ ಪುಂಡಿಪಲ್ಯ, ಬಿಸಿ ರೊಟ್ಟಿ, ಹೆಸರುಬೇಳೆ ಮಾಡಿದ್ದೆವು. ಊಟ ಆದಮೇಲೆ ಅಡುಗೆಮನೆಯ ಕಡೆ ಮುಖ ತಿರುಗಿಸಿ, "ಯವ್ವಾ, ರೊಟ್ಟಿ ಬಡಿಯೋ ಸಪ್ಪಳ ಭಾಳ ಛಂದ ಕೇಳ್ತಿತ್ತ್ರೀ, ತಾಳ ತಪ್ಪಲಿಲ್ಲ" ಅಂದರು. ಇಷ್ಟು ವರ್ಷ ರೊಟ್ಟಿ ಬಡಿದಿದ್ದೇನೆ, ಅದಕ್ಕೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಅವತ್ತು ರಾತ್ರಿ ಅವರು ಹಾಡಿದ್ದನ್ನು ನಾನು ಕೇಳಿದ ರೀತಿಯೇ ಬೇರೆ ಆಯಿತು.

ಕಲಬುರಗಿಯಲ್ಲಿ ಹೆಚ್ಚು ಹಚ್ಚುವುದು ಶರಣಬಸವೇಶ್ವರರ ಪುರಾಣವನ್ನೇ. 1746ರಲ್ಲಿ ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ ಮಲಕಪ್ಪ, ಸಂಗಮ್ಮ ಅವರ ಮಗನಾಗಿ ಹುಟ್ಟಿದವರು. ಒಕ್ಕಲುತನದ ಮನೆ. ತೆನೆ ಹಿಡಿದ ಜೋಳಕ್ಕೆ ಹಕ್ಕಿ ಬೀಳುತ್ತವೆ, ಹೋಗಿ ಕಾಯಿ ಅಂತ ಮನೆಯವರು ಕಳಿಸಿದರೆ, ಇವರು ಹಕ್ಕಿಗಳನ್ನು ಓಡಿಸಲಿಲ್ಲ. ತಿಂದ ಮೇಲೆ ನೀರಡಿಸುತ್ತದೆ ಅಂತ ಗಡಿಗೆಯಲ್ಲಿ ನೀರು ತುಂಬಿ ಇಟ್ಟರು. ಆದರೂ ಸುಗ್ಗಿಯಲ್ಲಿ ಆ ಹೊಲದ ರಾಶಿಗೆ ಕಡಿಮೆ ಬೀಳಲಿಲ್ಲ ಅನ್ನುತ್ತದೆ ಕಥೆ. ಈ ಪ್ರಸಂಗ ಬಂದ ಸಂಜೆ ಕಟ್ಟೆಯ ಮೇಲಿನ ರೈತರ ಮುಖ ನೋಡಬೇಕು. ಹಕ್ಕಿ ಕಾಯುವ ಕಷ್ಟ ಅವರಿಗೆ ಗೊತ್ತು. ಒಂದು ತೆನೆಯ ಬೆಲೆ ಗೊತ್ತು. ಹಾಗಿದ್ದೂ ಅವರು ತಲೆದೂಗುತ್ತಾರೆ. ಗೊತ್ತಿದ್ದವರು ತಲೆದೂಗಿದಾಗಲೇ ಆ ಕಥೆಯ ತೂಕ ನನಗೆ ತಿಳಿಯುವುದು. ಮುಂದೆ ಶರಣರು ಕಲಬುರಗಿಗೆ ಬಂದು ದಾಸೋಹ ನಡೆಸಿದರು. 1822ರಲ್ಲಿ ಇಲ್ಲೇ ಲಿಂಗೈಕ್ಯರಾದರು. ದಾಸೋಹ ಮಾತ್ರ ಇವತ್ತಿಗೂ ನಡೆದಿದೆ.

ಎಲ್ಲಕ್ಕಿಂತ ಜಾಸ್ತಿ ಜನ ಸೇರುವುದು ತೊಟ್ಟಿಲ ದಿನ. ಪುರಾಣದಲ್ಲಿ ಶರಣರು ಹುಟ್ಟುವ ಅಧ್ಯಾಯ ಬಂದ ಸಂಜೆ ಗುಡಿಯಲ್ಲಿ ನಿಜವಾಗಿ ತೊಟ್ಟಿಲು ಕಟ್ಟುತ್ತಾರೆ. ಸಂಜೆ ನಾಲ್ಕರಿಂದಲೇ ಹೆಣ್ಣುಮಕ್ಕಳ ಸಡಗರ. ಒಬ್ಬರು ಇಳಕಲ್ ಸೀರೆ ತಂದು ತೊಟ್ಟಿಲಿನ ಸುತ್ತ ಕಟ್ಟುತ್ತಾರೆ. ಇನ್ನೊಬ್ಬರು ಸೇವಂತಿಗೆ ಸರ ಇಳಿಬಿಡುತ್ತಾರೆ. ಗುಂಡಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಅದಕ್ಕೊಂದು ಹೊಸ ಕುಂಚಿಗೆ ತೊಡಿಸುತ್ತಾರೆ. ಅದೇ ಕೂಸು. ಒಬ್ಬಾಕೆ ತೊಟ್ಟಿಲಿನ ಮೇಲಿನಿಂದ ಕೊಡುತ್ತಾಳೆ, ಇನ್ನೊಬ್ಬಾಕೆ ಕೆಳಗಿನಿಂದ ತೆಗೆದುಕೊಳ್ಳುತ್ತಾಳೆ. ಮನೆಯಲ್ಲಿ ಹೆಸರಿಡುವಾಗ ಹೇಗೋ ಇಲ್ಲೂ ಹಾಗೆಯೇ. ಗುಗ್ಗರಿ, ಬೆಲ್ಲ, ಕೊಬ್ಬರಿ ಹಂಚಲು ತಟ್ಟೆಗಳು ಸಾಲಾಗಿ ಕಾಯುತ್ತಿರುತ್ತವೆ. ಶಾಸ್ತ್ರಿಗಳು ಆ ಪದ್ಯಕ್ಕೆ ಬಂದು ನಿಂತರೆ ಸಾಕು, ಗವಾಯಿಗಳು ಜೋಗುಳ ಎತ್ತುವ ಮುಂಚೆಯೇ ಅಜ್ಜಿಯಂದಿರು ಜೋ ಜೋ ಅಂತ ಶುರು ಮಾಡಿಬಿಡುತ್ತಾರೆ.

ಆ ಸಂಜೆ ನಾನು ಕಂಡದ್ದನ್ನು ಇಲ್ಲಿ ಹೇಳಬೇಕು ಅನ್ನಿಸುತ್ತಿದೆ. ನಮ್ಮ ಎದುರು ಮನೆಯ ಸೊಸೆ ಹಿಂದಿನ ವರ್ಷ ಕೂಸನ್ನು ಕಳೆದುಕೊಂಡಿದ್ದಳು. ಹುಟ್ಟಿದ ಕೆಲವೇ ದಿನಕ್ಕೆ ಹೋಗಿತ್ತು. ಅಂದಿನಿಂದ ಆಕೆ ಯಾರ ಮನೆಯ ತೊಟ್ಟಿಲಿಗೂ ಹೋಗಿರಲಿಲ್ಲ. ಕರೆದವರೂ ಕಡಿಮೆ, ಅದನ್ನು ಹೇಳದೆ ಇರಲಾರೆ. ಆ ದಿನ ಗುಡಿಗೆ ಬಂದಿದ್ದಳು, ಆದರೆ ಚಪ್ಪಲಿ ಬಿಡುವ ಕಡೆ ಸೆರಗು ಹೊದ್ದು ನಿಂತಿದ್ದಳು. ಎಲ್ಲರೂ ಒಬ್ಬೊಬ್ಬರಾಗಿ ಹಗ್ಗ ಹಿಡಿದು ತೂಗುತ್ತಿದ್ದರು. ನಮ್ಮ ಅತ್ತೆ ಕೂತಲ್ಲಿಂದ ಎದ್ದರು. ಕೂತರೆ ಏಳುವುದು ಅವರಿಗೆ ಸುಲಭ ಅಲ್ಲ. ಕಂಬ ಹಿಡಿದು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಆಕೆಯ ಕೈ ಹಿಡಿದರು. "ಬಾ ಯವ್ವಾ, ಇಂವ ಎಲ್ಲಾರ ಕೂಸು. ನೀ ತೂಗಲಿಲ್ಲಂದ್ರ ಹ್ಯಾಂಗ ಮಲಗ್ತಾನ?" ಅಂದರು. ಆಕೆ ಬಂದಳು. ಹಗ್ಗ ಹಿಡಿದಳು. ಮೊದಲು ಸುಮ್ನೆ ತೂಗಿದಳು. ಆಮೇಲೆ ಹಾಡಿದಳು. ಆಕೆಯ ದನಿ ಅಷ್ಟು ಚೆನ್ನಾಗಿದೆ ಅಂತ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗವಾಯಿಗಳು ಹಾರ್ಮೋನಿಯಂ ಮೇಲೆ ಆಕೆಯ ಸ್ವರವನ್ನೇ ಹಿಡಿದು ಬೆನ್ನ ಹಿಂದೆ ನುಡಿಸಿದರು. ಅತ್ತೆ ಆಕೆಯ ಉಡಿಗೆ ತೊಟ್ಟಿಲಿನ ಕಾಯಿ ಹಾಕಿದರು. ಆಗ ನಮ್ಮ ಶರಣಬಸಪ್ಪ ಗುಡಿಯಲ್ಲಿ ಇದ್ದ ಅಂತಲೇ ನಾನು ಹೇಳುತ್ತೇನೆ.

ಓಣಿಯ ಪುರಾಣ ಒಂದು ಕಡೆ ಆದರೆ ಅಪ್ಪನ ಗುಡಿ ಇನ್ನೊಂದು ಕಡೆ. ಶ್ರಾವಣದಲ್ಲಿ ಶರಣಬಸವೇಶ್ವರ ಗುಡಿಯಲ್ಲಿ ಅಖಂಡ ಭಜನೆ ನಡೆಯುತ್ತದೆ. ಹಳ್ಳಿಗಳಿಂದ ಭಜನಾ ಮಂಡಳಿಯವರು ಬಂದು ಪಾಳಿಯಂತೆ ಕೂಡುತ್ತಾರೆ. ಒಂದು ತಂಡ ಏಳುವ ಮುಂಚೆ ಇನ್ನೊಂದು ತಂಡ ಬಂದು ತಾಳ ಕೈಗೆ ತೆಗೆದುಕೊಂಡಿರುತ್ತದೆ. ನಾಮ ನಡುವೆ ಕಡಿಯಬಾರದು. ಸೋಮವಾರ ದರ್ಶನಕ್ಕೆ ಹೋದವರು ನಾವು, ಕೆರೆಯ ಕಡೆಯಿಂದ ತಂಪು ಗಾಳಿ ಬೀಸುತ್ತಿದ್ದರೆ ಅಲ್ಲೇ ಒಂದು ಮೂಲೆಯಲ್ಲಿ ಕೂತುಬಿಡುತ್ತೇವೆ. ಧೋತ್ರ ಉಟ್ಟ ಹಿರಿಯರು, ಮೈಮೇಲೆ ಹೊಲದ ಬಿಸಿಲು ಕಾಣುವ ಮಂದಿ. ಕೆಲವರಿಗೆ ತಾಳ ಹಿಡಿದ ಬೆರಳು ಸರಿಯಾಗಿ ಮಡಚೋಕೂ ಬರುವುದಿಲ್ಲ, ಅಷ್ಟು ದುಡಿದ ಕೈ. ತಾಳ ಮಾತ್ರ ಅಲುಗುವುದಿಲ್ಲ.

ಈ ಭಜನೆಯವರ ಬಾಯಲ್ಲಿ ತತ್ವಪದಗಳು ಇನ್ನೂ ಜೀವಂತ ಇವೆ. ತತ್ವಪದ ಕಟ್ಟಿದ ಕಡಕೋಳ ಮಡಿವಾಳಪ್ಪನವರು ನಮ್ಮ ಜಿಲ್ಲೆಯವರೇ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರು ಇದ್ದರು, ಖೈನೂರ ಕೃಷ್ಣಪ್ಪ ಇದ್ದರು, ತೆಲಗಬಾಳ ರೇವಪ್ಪ ಇದ್ದರು. ಬೇರೆ ಬೇರೆ ಜಾತಿ, ಬೇರೆ ಧರ್ಮ, ಗುರು ಒಬ್ಬ. ಜಲಾಲಸಾಹೇಬರ ಪದ ಹಾಡುವವರು ಅದನ್ನು ವಿಶೇಷ ಅಂತ ಹೇಳಿಕೊಳ್ಳುವುದಿಲ್ಲ. ತಮ್ಮ ಮುತ್ಯಾ ಹಾಡುತ್ತಿದ್ದ, ತಾವೂ ಹಾಡುತ್ತಾರೆ. ಇದು ನಮ್ಮ ನೆಲದ ದೊಡ್ಡ ಆಸ್ತಿ. ಹಾಡುವವರು ಇರುವ ತನಕ ಮಾತ್ರ ಉಳಿಯುವ ಆಸ್ತಿ. ಆ ಮಂಡಳಿಗಳಲ್ಲಿ ಹರೆಯದ ಹುಡುಗರು ಕಂಡರೆ ನನಗೆ ಹೇಳತೀರದ ಖುಷಿ.

ಒಂದು ಸಂಕಟವೂ ಇದೆ. ಪುರಾಣದ ದಿನಗಳನ್ನು ಕಡಿಮೆ ಮಾಡಬೇಕು, ಜನರಿಗೆ ಪುರಸೊತ್ತಿಲ್ಲ ಅನ್ನುವ ಮಾತು ಈಗ ಎಲ್ಲ ಓಣಿಗಳಲ್ಲೂ ಕೇಳಿಬರುತ್ತಿದೆ. ಪ್ರವಚನ ಮೊಬೈಲ್‌ನಲ್ಲೇ ಸಿಗುತ್ತದಲ್ಲ ಅನ್ನುತ್ತಾರೆ. ಸಿಗುತ್ತದೆ, ಒಳ್ಳೆಯ ಪ್ರವಚನವೇ ಸಿಗುತ್ತದೆ. ನಾನೂ ಕೇಳುತ್ತೇನೆ. ಆದರೆ ಗುಡಿ ಕಟ್ಟೆಯ ಪುರಾಣ ಬೇರೆ. ಮೊದಲ ವಾರ ಜನ ತಮ್ಮ ತಮ್ಮವರ ಜೊತೆ ಮಾತ್ರ ಕೂಡುತ್ತಾರೆ. ದಿನ ಕಳೆದ ಹಾಗೆ ಜಾಗ ಬದಲಾಗುತ್ತದೆ. ಬಾಡಿಗೆಗೆ ಹೊಸದಾಗಿ ಬಂದವರ ಹೆಸರು ಗೊತ್ತಾಗುತ್ತದೆ. ಮಾತು ಬಿಟ್ಟಿದ್ದ ವಾರಗಿತ್ತಿಯರು ಒಂದೇ ಚಾಪೆಯ ಮೇಲೆ ಬರುತ್ತಾರೆ. ಅದಕ್ಕೆ ದಿನ ಬೇಕು. ಅವಸರ ಮಾಡಿದರೆ ಕಥೆ ಮುಗಿಯುತ್ತದೆ, ಪುರಾಣ ಆಗುವುದಿಲ್ಲ. ತಿಂಗಳು ಪೂರಾ ಇರಲಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಮಂಗಲದ ದಿನ ಮನೆಮನೆಯಿಂದ ರೊಟ್ಟಿ ಬರುತ್ತವೆ. ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳನ್ನು ಬಿಚ್ಚಿ ಒಂದೇ ಕಡೆ ಸುರಿಯುತ್ತಾರೆ. ಯಾರ ಮನೆಯ ರೊಟ್ಟಿ ಯಾವುದು ಅಂತ ಆಮೇಲೆ ಹೇಳೋಕಾಗುವುದಿಲ್ಲ. ಜೊತೆಗೆ ಮಾಲದಿ, ಅನ್ನ, ಸಾರು. ಹೆಣ್ಣುಮಕ್ಕಳಿಗೆ ಉಡಿ ತುಂಬುತ್ತಾರೆ. ಪುರಾಣದ ಗ್ರಂಥವನ್ನು ಪಲ್ಲಕ್ಕಿಯಲ್ಲಿಟ್ಟು ಡೊಳ್ಳು, ಭಜನೆಯೊಂದಿಗೆ ಓಣಿ ಸುತ್ತಿಸುತ್ತಾರೆ. ಮಳೆ ಬಂದರೂ ಯಾರೂ ಕದಲುವುದಿಲ್ಲ. ಪಲ್ಲಕ್ಕಿಯ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹಿಡಿದು ನಾಲ್ಕು ಜನ ನಡೆಯುತ್ತಾರೆ, ಉಳಿದವರು ನೆನೆಯುತ್ತಾರೆ.

ಪ್ರಸಾದ ಆದಮೇಲೆ ಕಟ್ಟೆಯ ಮೇಲೆ ಒಬ್ಬರು ವಹಿ ಹಿಡಿದು ಕೂಡುತ್ತಾರೆ. ಬರುವ ಶ್ರಾವಣಕ್ಕೆ ಯಾರ ಸೇವೆ ಏನು ಅಂತ ಬರೆದುಕೊಳ್ಳಲು. ಅಂಗಡಿಯವರು ಬೆಲ್ಲ ಅಂದರು. ಆಟೊದವರು ಶಾಸ್ತ್ರಿಗಳನ್ನು ಕರೆತರುವ ಕೆಲಸ ತಮಗಿರಲಿ ಅಂದರು. ನಮ್ಮ ಅತ್ತೆ, "ಗವಾಯಿಗಳ ರಾತ್ರಿ ಊಟ ಒಂದು ವಾರ ನಮ್ಮ ಮನಿದು ಬರ್ಕೋ ತಮ್ಮಾ" ಅಂದರು. ಎದುರು ಮನೆಯ ಸೊಸೆ ಮುಂದೆ ಬಂದು, ತೊಟ್ಟಿಲ ದಿನದ ಸೇವಂತಿಗೆ ಹೂ ಪೂರಾ ತನ್ನ ಹೆಸರಿಗೆ ಬರೆಸಿದಳು. "ಜೋಗುಳ?" ಅಂತ ವಹಿಯವರು ಕೇಳಿದರು. "ಅದೂ ಬರೀರಿ" ಅಂದಳು.